ಪದಚರ್ಚೆ: ಕೂಲೆಂಟ್‌ಗೆ ಕನ್ನಡದಲ್ಲಿ ಏನು? ಗ್ಯಾರೇಜ್ ಫಲಕಕ್ಕೆ ನಾಳೆಯೇ ಬೇಕು

ಮಂಡ್ಯದಿಂದ:

ಎಲ್ಲರಿಗೂ ನಮಸ್ಕಾರ. ಗ್ಯಾರೇಜಿನ ಗೋಡೆಗೆ ಒಂದು ಫಲಕ ಬರೆಸಬೇಕಿದೆ. ಪೇಂಟರ್ ನಾಳೆ ಬೆಳಿಗ್ಗೆಯೇ ಬರುತ್ತಾರೆ. ಬೇಸಿಗೆ ಕಾಲಿಟ್ಟರೆ ಸಾಕು, ಹೀಟ್ ಆದ ಗಾಡಿಗಳು ಒಂದರ ಹಿಂದೊಂದು ಬರುತ್ತವೆ. ಎಷ್ಟೋ ಗಾಡಿಗಳ ರೇಡಿಯೇಟರ್‌ನಲ್ಲಿ ಬರೀ ಬೋರ್ ನೀರು ಇರುತ್ತದೆ. ಮಾಲೀಕರು ನಿಂತು ಓದುವಂತೆ ಮೂರೇ ಸಾಲು ಸಾಕು. ಬರೆದಿಟ್ಟಿರುವುದು ಹೀಗಿದೆ:

ಎಂಜಿನ್ ಆರಿದ ಮೇಲೆಯೇ ರೇಡಿಯೇಟರ್ ಮುಚ್ಚಳ ತೆಗೆಯಿರಿ.
ರೇಡಿಯೇಟರಿಗೆ ಬರೀ ನೀರು ಹಾಕಬೇಡಿ, ———— ಹಾಕಿ.
ಟೆಂಪರೇಚರ್ ಮುಳ್ಳು ಮೇಲೇರಿದರೆ ಕೂಡಲೇ ಗಾಡಿ ನಿಲ್ಲಿಸಿ.

ಗೆರೆ ಎಳೆದಿರುವ ಕಡೆ, ಎಂಜಿನ್ನಿನ ಕಾವು ಇಳಿಸಲು ರೇಡಿಯೇಟರಿಗೆ ಹಾಕುವ ದ್ರವವಾದ ಕೂಲೆಂಟ್‌ಗೆ ಕನ್ನಡದ ಮಾತು ಬೇಕು. ಕೆಲಸದ ಹುಡುಗರು 'ಎಣ್ಣೆ ನೀರು ನೋಡು' ಅಂತಲೇ ಅನ್ನುವುದು. ಆ 'ನೀರು' ಎಂಬ ಮಾತೇ ತೊಂದರೆಗೆ ಮೂಲ. ಪಠ್ಯಪುಸ್ತಕದ 'ಶೀತಕ' ಹಾಕಿಸಿಬಿಡಲೇ?

ಕುವೆಂಪುನಗರ, ಮೈಸೂರಿನಿಂದ:

ಶೀತಕ ಬೇಡ. ನಮ್ಮ ಕಡೆ ಶೀತ ಅಂದರೆ ನೆಗಡಿ. 'ತಂಪುಕ' ಎಂದು ಕೆಲವರು ಬರೆಯುತ್ತಾರೆ, ಅದೂ ಸಲ್ಲದು. ತಂಪು ನಾಮಪದ. ಕನ್ನಡದ -ಕ ಧಾತುವಿನ ಮೇಲೆ ನಿಲ್ಲುತ್ತದೆ: ಕುಡಿ–ಕುಡುಕ, ತಿರಿ–ತಿರುಕ, ಕೆಡು–ಕೆಡುಕ. ಅದೇ ಜಾಡಿನಲ್ಲಿ 'ತಣಿ'ಯಿಂದ 'ತಣುಕ' ಹುಟ್ಟುತ್ತದೆ. ಮೂರೇ ಅಕ್ಷರ, ಒತ್ತಿಲ್ಲ, ಮಹಾಪ್ರಾಣವಿಲ್ಲ. 'ತಣುಕ ಹಾಕಿ' ಎಂದು ಬರೆಸಿ. ಒಂದು ಬೇಸಿಗೆ ಕಳೆಯುವುದರೊಳಗೆ ಜನರ ಬಾಯಿಗೆ ಬರುತ್ತದೆ.

ಸರಸ್ವತಿಪುರಂ, ಮೈಸೂರಿನಿಂದ:

'ತಣಿ' ಅಕರ್ಮಕ. ತಣುಕ ಎಂದರೆ ತಾನು ತಣಿಯುವವನು ಎಂದಾಗುತ್ತದೆ, ಇನ್ನೊಂದನ್ನು ತಣಿಸುವ ವಸ್ತು ಎಂದಲ್ಲ. ಸಕರ್ಮಕ ಬೇಕೆಂದು 'ತಣಿಸುಕ' ಮಾಡಿದರೆ ಅದು ಯಾರ ನಾಲಿಗೆಯಲ್ಲೂ ನಿಲ್ಲದು. ನೀವು ಕೊಟ್ಟ ಮೂರು ಉದಾಹರಣೆಗಳೂ ಮನುಷ್ಯರನ್ನು ಹಳಿಯುವ ಮಾತುಗಳು ಎಂಬುದನ್ನಾದರೂ ಗಮನಿಸಬೇಕಿತ್ತು. ಶೀತಕ ವಿಜ್ಞಾನದ ಬರಹದಲ್ಲಿ ನೆಲೆ ನಿಂತಿದೆ. ಅದನ್ನೇ ಹಾಕಿ.

ಮಂಡ್ಯದಿಂದ:

ಶೀತಕ ಅಂದರೆ ಗಿರಾಕಿಗಳು ಏಸಿ ಗ್ಯಾಸ್ ಅಂದುಕೊಳ್ಳುತ್ತಾರೆ ಸಾರ್. ಏಸಿಯೊಳಗೆ ಸುತ್ತುವ ಗ್ಯಾಸ್ ಬೇರೆ, ಎಂಜಿನ್ ಸುತ್ತ ಹರಿಯುವ ಕೂಲೆಂಟ್ ಬೇರೆ. ಏಸಿ ತಣ್ಣಗೆ ಬರುತ್ತಿಲ್ಲ ಎಂದು ಬಂದವರು ಈ ಫಲಕ ಓದಿ 'ಶೀತಕ ಹಾಕಿಬಿಡಿ' ಅಂದರೆ ಅವರಿಗೆ ಬೇಕಾದದ್ದು ಗ್ಯಾಸ್, ಕೌಂಟರಿನಲ್ಲಿ ಕೊಡುವುದು ಕೂಲೆಂಟ್ ಬಾಟಲಿ. ಎರಡಕ್ಕೂ ಒಂದೇ ಹೆಸರಾದರೆ ನಮಗೆ ದಿನಾ ಅದೇ ವಿವರಣೆ.

ಶ್ರೀರಂಗಪಟ್ಟಣದಿಂದ:

ಎಲ್ಲರೂ ಎರಡನೇ ಸಾಲಿಗೆ ಅಂಟಿಕೊಂಡಿದ್ದೀರಿ. ಕೈ ಸುಡುವುದು ಮೊದಲ ಸಾಲು. 'ಎಂಜಿನ್ ಆರಿದ ಮೇಲೆ' ಎಂದು ಬರೆಸಲೇಬೇಡಿ.

'ಆರು' ಎಂಬುದಕ್ಕೆ ಬಿಸಿ ಇಳಿ ಎಂಬ ಅರ್ಥವಿದೆ, ಕಾಫಿ ಆರಿತು ಅನ್ನುತ್ತೇವೆ. ದೀಪ ಆರಿತು, ಒಲೆ ಆರಿತು ಎಂದಾಗ ಉರಿಯುತ್ತಿದ್ದದ್ದು ನಿಂತಿತು ಎಂದರ್ಥ. ಎಂಜಿನ್ನೂ ಉರಿಸಿಯೇ ಓಡುವಂಥದ್ದು. 'ಆರಿದ ಮೇಲೆ ಮುಚ್ಚಳ ತೆಗೆಯಿರಿ' ಎಂದು ಓದಿದವರು ಕೀಲಿ ತಿರುಗಿಸಿ ಎಂಜಿನ್ ನಿಲ್ಲಿಸಿ ನೇರ ಮುಚ್ಚಳಕ್ಕೆ ಕೈ ಹಾಕುತ್ತಾರೆ. ಅತಿ ಅಪಾಯದ ಗಳಿಗೆ ಅದೇ. ಎಂಜಿನ್ ನಿಂತೊಡನೆ ವಾಟರ್ ಪಂಪ್ ನಿಲ್ಲುತ್ತದೆ. ಎಂಜಿನ್ನಿನ ಮೇಲ್ಭಾಗವಾದ ಹೆಡ್‌ನಲ್ಲಿ ತುಂಬಿರುವ ಕಾವು ಹೋಗಲು ದಾರಿಯಿಲ್ಲದೆ ನಿಂತ ದ್ರವಕ್ಕೇ ಇಳಿಯುತ್ತದೆ. ಹಾಗಾಗಿ ಮೊದಲ ಕೆಲವು ನಿಮಿಷ ಬಿಸಿ ಇಳಿಯುವ ಬದಲು ಏರುತ್ತದೆ.

ಮುಚ್ಚಳದ ಕೆಲಸವೇನು ಎಂಬುದೂ ಗೊತ್ತಿರಬೇಕು. ಅದರ ಸ್ಪ್ರಿಂಗು ಹೊರಗಿನ ಗಾಳಿಗಿಂತ ಸುಮಾರು 0.9ರಿಂದ 1.1 ಬಾರ್ ಹೆಚ್ಚಿನ ಒತ್ತಡವನ್ನು ಒಳಗೇ ಹಿಡಿದಿಡುತ್ತದೆ. ಮೈಸೂರಿನ ಎತ್ತರದಲ್ಲಿ ತೆರೆದ ಪಾತ್ರೆಯ ನೀರು 97–98 ಡಿಗ್ರಿಗೇ ಕುದಿಯುತ್ತದೆ. ಡಿಸ್ಟಿಲ್ಡ್ ವಾಟರ್ ಸಮಪಾಲು ಬೆರೆಸಿದ ಕೂಲೆಂಟ್ ಆ ಒತ್ತಡದಲ್ಲಿ 125 ಡಿಗ್ರಿಯ ಆಸುಪಾಸಿನವರೆಗೂ ಕುದಿಯದೆ ನಿಲ್ಲುತ್ತದೆ. ಮುಚ್ಚಳ ಸಡಿಲಿಸಿದಿರೋ, ಒತ್ತಡ ಒಮ್ಮೆಗೇ ಬೀಳುತ್ತದೆ, ನೂರು ಡಿಗ್ರಿ ದಾಟಿದ ದ್ರವ ಅಲ್ಲೇ ಹಬೆಯಾಗಿ ಮುಖಕ್ಕೆ ಚಿಮ್ಮುತ್ತದೆ.

'ಎಂಜಿನ್ ತಣ್ಣಗಾದ ಮೇಲೆ' ಎಂದು ಬರೆಸಿ. 'ಕಾದಿರುವಾಗ ತೆಗೆಯಬೇಡಿ' ಎಂದು ಯಾರಾದರೂ ಹೇಳಿದರೆ ಅದೂ ಬೇಡ, ಅರ್ಧ ಗಂಟೆ ಕಾದಿರುವಾಗ ಯಾಕೆ ತೆಗೆಯಬಾರದು ಎಂದು ಓದಿಕೊಳ್ಳಲು ದಾರಿಯಿದೆ. ತಣ್ಣಗಾಯಿತೆಂದು ತಿಳಿಯುವುದು ಹೇಗೆ ಎಂಬುದಕ್ಕೆ ರೇಡಿಯೇಟರಿನ ಮೇಲಿನ ಹೋಸ್ ಪೈಪನ್ನು ದಪ್ಪ ಬಟ್ಟೆ ಹಿಡಿದು ಹಿಸುಕಿ ನೋಡಬೇಕು. ಗಟ್ಟಿಯಿದ್ದರೆ ಒತ್ತಡ ಇನ್ನೂ ಇದೆ. ಮೆತ್ತಗಾಗಿ, ಮುಟ್ಟಿದರೆ ಬಿಸಿಯೇ ಇಲ್ಲದಿದ್ದರೆ ತೆಗೆಯಬಹುದು. ಕಡಿಮೆಯೆಂದರೂ ಅರ್ಧ ಗಂಟೆ ಬೇಕು, ನಡುಬೇಸಿಗೆಯಲ್ಲಿ ಇನ್ನೂ ಹೆಚ್ಚು.

ಮೂರನೇ ಸಾಲೂ ತಿದ್ದಬೇಕು. ಎಷ್ಟೋ ಹೊಸ ಕಾರುಗಳಲ್ಲಿ ಮುಳ್ಳೇ ಇಲ್ಲ, ಕೆಂಪು ದೀಪ ಮಾತ್ರ. 'ಗಾಡಿ ನಿಲ್ಲಿಸಿ' ಎಂದರೆ ಗಾಡಿ ನಿಂತರೂ ಎಂಜಿನ್ ಓಡುತ್ತಲೇ ಇರಬಹುದು. ಪಕ್ಕಕ್ಕೆ ಹಾಕಿ ಎಂಜಿನ್ ಆಫ್ ಮಾಡಿ ಎಂದು ಬಿಡಿಸಿ ಬರೆಯಿರಿ. ಬಿಸಿ ಎಂಜಿನ್ ಮೇಲೆ ತಣ್ಣೀರು ಸುರಿಯಬಾರದು ಎಂಬುದಕ್ಕೂ ಜಾಗ ಮಾಡಿ, ಹೆಡ್ ಬಿರುಕು ಬಿಡುತ್ತದೆ.

ಕುವೆಂಪುನಗರ, ಮೈಸೂರಿನಿಂದ:

'ಆರು' ವಿಚಾರ ಒಪ್ಪಿದೆ. ಆದರೆ ಶ್ರೀರಂಗಪಟ್ಟಣದವರು ಬರೆದ ಆ ಪ್ಯಾರಾಗಳಲ್ಲಿ ರೇಡಿಯೇಟರ್, ವಾಟರ್ ಪಂಪ್, ಹೆಡ್, ಹೋಸ್ ಪೈಪ್, ಆಫ್ ಎಲ್ಲ ಸಾಲುಗಟ್ಟಿ ನಿಂತಿವೆ. 2024ರ ತಿದ್ದುಪಡಿಯ ಪ್ರಕಾರ ಅಂಗಡಿಗಳ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು. ಲಿಪಿ ಕನ್ನಡದ್ದಾಗಿ ಮಾತು ಇಂಗ್ಲಿಷಿನದಾದರೆ ಆ ಕಾಯ್ದೆಯಿಂದ ಕನ್ನಡಕ್ಕೆ ಬಂದದ್ದೇನು? ಎತ್ತಿನ ಗಾಡಿ ಓಡಿಸಿದ ಮಂಡ್ಯದ ರೈತನ ಬಳಿ ಅಚ್ಚು, ಚಕ್ರದ ನಡುವಿನ ಗುಂಬ, ಚಕ್ರ ಕಳಚದಂತೆ ಹಾಕುವ ಕಡಾಣಿ, ಕೀಲೆಣ್ಣೆ ಎಲ್ಲ ಇದ್ದವು. ಆ್ಯಕ್ಸಲ್ ಎನ್ನುವ ಬದಲು ಅಚ್ಚು, ಗ್ರೀಸ್ ಎನ್ನುವ ಬದಲು ಕೀಲೆಣ್ಣೆ ಎನ್ನಲು ಏನಡ್ಡಿ? ಅಚ್ಚಗನ್ನಡದ ಮಾತು ಕೈಯಲ್ಲಿರುವಾಗ ಸಾಲ ಎತ್ತುವುದು ನಾಚಿಕೆಗೇಡು.

ಸರಸ್ವತಿಪುರಂ, ಮೈಸೂರಿನಿಂದ:

ಅಚ್ಚು ಅಚ್ಚಗನ್ನಡವಲ್ಲ, ಸಂಸ್ಕೃತದ 'ಅಕ್ಷ'ದ ತದ್ಭವ. ನಿಮ್ಮ ಮೊದಲ ಸಾಕ್ಷಿಯೇ ಸಾಲ. ಕೀಲೆಣ್ಣೆಗೆ ಗ್ರೀಸ್ ಎಂಬ ಅರ್ಥ ಕಟ್ಟಿದರೆ ಎಂಜಿನ್ ಆಯಿಲಿಗೆ ಏನನ್ನುತ್ತೀರಿ? ವೀಲ್ ಬೇರಿಂಗಿಗೆ ಹಾಕುವುದು ಗ್ರೀಸ್, ಗೇರ್‌ಬಾಕ್ಸಿಗೆ ಬೇರೆ ಎಣ್ಣೆ, ಎಂಜಿನ್ನಿಗೆ ಬೇರೆ ಎಣ್ಣೆ. ಒಂದರ ಬದಲು ಇನ್ನೊಂದು ಹೋದರೆ ಕೆಡುವುದು ಎಂಜಿನ್ನು.

ಎತ್ತಿನ ಗಾಡಿಯ ನುಡಿಗಂಟು ದೊಡ್ಡದು, ಅದನ್ನು ಕಾಪಾಡಬೇಕು. ಆದರೆ ಆ ಗಾಡಿಗೆ ಕಾವಿಳಿಸುವ ದ್ರವವೇ ಬೇಕಿರಲಿಲ್ಲ. ಇಲ್ಲದ ವಸ್ತುವಿಗೆ ಅಲ್ಲಿ ಹೆಸರು ಹುಡುಕಿ ಫಲವೇನು?

ವಿಜಯನಗರ, ಮೈಸೂರಿನಿಂದ:

ಸಾಲದ ಮಾತು ಬಂದದ್ದರಿಂದ ಒಂದು ಉದಾಹರಣೆ. ಸ್ಟೆಪ್ನಿ. ವೇಲ್ಸ್‌ನ ಲನೆಥ್ಲಿ ಎಂಬ ಊರಿನ ಸ್ಟೆಪ್ನಿ ಬೀದಿಯಲ್ಲಿ 1904ರಲ್ಲಿ ಶುರುವಾದ ಕಂಪನಿಯ ಹೆಸರು ಅದು. ಆಗಿನ ಕಾರುಗಳಿಗೆ ಹೆಚ್ಚುವರಿ ಚಕ್ರ ಇರುತ್ತಿರಲಿಲ್ಲ. ಅರಗಳೇ ಇಲ್ಲದ, ಟೈರು ಹಾಕಿದ ರಿಮ್ಮನ್ನು ಪಂಕ್ಚರಾದ ಚಕ್ರಕ್ಕೆ ಬಿಗಿದು ಮುಂದೆ ಹೋಗುವ ಉಪಾಯವನ್ನು ಆ ಕಂಪನಿ ಮಾರುತ್ತಿತ್ತು. ಅಲ್ಲಿ ಆ ಮಾತು ಬಹುಮಟ್ಟಿಗೆ ಅಳಿದಿದೆ. ನಮ್ಮಲ್ಲಿ 'ಸ್ಟೆಪ್ನಿಗೆ ಗಾಳಿ ಹಿಡಿಸಿದ್ದೀಯಾ' ಎಂದು ಹಳ್ಳಿಯ ಮುದುಕರೂ ಕೇಳುತ್ತಾರೆ. ವಿಭಕ್ತಿ ಹತ್ತಿ, ವಾಕ್ಯದಲ್ಲಿ ಕೂತು, ಎಲ್ಲರಿಗೂ ತಿಳಿಯುವ ಮಾತನ್ನು ಹೊರಗಿನದು ಎನ್ನುವುದು ಹಟ. ಬ್ರೇಕು, ಗೇರು, ಕ್ಲಚ್ಚು, ಟೈರು ಎಲ್ಲಕ್ಕೂ ನಾವೇ ಉಕಾರ ಕೊಟ್ಟು ಮನೆಯವರಾಗಿ ಮಾಡಿಕೊಂಡೆವು. ಕೂಲೆಂಟೂ ಅದೇ ಸಾಲಿಗೆ ಸೇರಿಯಾಗಿದೆ: ಕೂಲೆಂಟಿಗೆ, ಕೂಲೆಂಟಿನ.

ಕುವೆಂಪುನಗರ, ಮೈಸೂರಿನಿಂದ:

ಬಂದದ್ದನ್ನೆಲ್ಲ ಒಳಗೆ ಬಿಟ್ಟುಕೊಳ್ಳುವುದು ನೀತಿಯಲ್ಲ, ಸೋಮಾರಿತನ. 'ಲೀಕ್' ಎನ್ನುವುದಕ್ಕೂ ಉಕಾರ ಕೊಟ್ಟು ಮನೆಗೆ ಸೇರಿಸಿಕೊಳ್ಳುತ್ತೀರಾ?

ಮದ್ದೂರಿನಿಂದ:

ಇದರಲ್ಲಿ ಮಾತ್ರ ಕುವೆಂಪುನಗರದವರ ಪರ. ಜಾಬ್ ಕಾರ್ಡ್ ಬರೆಯುವವರೆಲ್ಲ ಇದನ್ನು ಗಮನಿಸಬೇಕು. 'ಲೀಕ್ ಇದೆ' ಎಂದು ಬರೆದರೆ ಬಿಚ್ಚುವವನಿಗೆ ಏನೂ ತಿಳಿಯುವುದಿಲ್ಲ. ಕನ್ನಡದಲ್ಲಿ ನಾಲ್ಕು ಮಾತಿವೆ, ಗ್ಯಾರೇಜಿಗೆ ನಾಲ್ಕೂ ಬೇಕು.

ಒಸರು: ಹೋಸ್ ಕ್ಲಿಪ್ಪಿನ ಹತ್ತಿರ ತೇವ ಕಾಣುತ್ತದೆ, ಹನಿ ಕಟ್ಟುವುದಿಲ್ಲ. ಒಣಗಿದ ಮೇಲೆ ಬಿಳಿ ಅಥವಾ ಹಸಿರು ಕಲೆ ಉಳಿಯುತ್ತದೆ. ಕ್ಲಿಪ್ ಬಿಗಿದರೆ ಸಾಮಾನ್ಯವಾಗಿ ನಿಲ್ಲುತ್ತದೆ.
ಜಿನುಗು: ವಾಟರ್ ಪಂಪಿನ ಅಡಿಯಲ್ಲಿ ಒಂದು ಸಣ್ಣ ತೂತು ಇರುತ್ತದೆ. ಒಳಗಿನ ಸೀಲ್ ಸವೆದರೆ ಅದರಿಂದ ಜಿನುಗುತ್ತದೆ. ಆ ತೂತನ್ನು ಎಂಸೀಲ್ ಹಚ್ಚಿ ಮುಚ್ಚಬಾರದು, ಮುಚ್ಚಿದರೆ ದ್ರವ ಬೇರಿಂಗಿಗೆ ನುಗ್ಗುತ್ತದೆ. ಪಂಪ್ ಬದಲಿಸಬೇಕು.
ತೊಟ್ಟಿಕ್ಕು: ಬೆಳಿಗ್ಗೆ ಗಾಡಿಯ ಕೆಳಗೆ ಹನಿ ಬಿದ್ದಿರುತ್ತದೆ. ಬಣ್ಣವಿಲ್ಲದ ನೀರಾದರೆ ಏಸಿಯದು, ಚಿಂತೆಯಿಲ್ಲ. ಬಣ್ಣವಿದ್ದು ಬೆರಳಿಗೆ ಜಾರಿದರೆ ಕೂಲೆಂಟ್.
ಸೋರು: ರಿಸರ್ವ್ ಟ್ಯಾಂಕಿನಲ್ಲಿ ಮಟ್ಟ ಕಣ್ಣೆದುರಿಗೆ ಇಳಿಯುತ್ತದೆ. ಗಾಡಿ ಓಡಿಸಬಾರದು, ಎಳೆಸಿಕೊಂಡು ಹೋಗಬೇಕು.

ಹೊರಗೆ ಎಲ್ಲೂ ಕಾಣದೆ ಮಟ್ಟ ಮಾತ್ರ ಇಳಿಯುತ್ತಿದ್ದರೆ, ಸೈಲೆನ್ಸರಿನಲ್ಲಿ ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ, ಆಯಿಲ್ ಮುಚ್ಚಳದ ಒಳಬದಿ ಹಾಲು ಹಾಕಿದ ಟೀ ಬಣ್ಣವಾಗಿದ್ದರೆ ಹೆಡ್ ಪ್ಯಾಕಿಂಗ್ (ಹೆಡ್ಡಿಗೂ ಎಂಜಿನ್ ಬ್ಲಾಕಿಗೂ ನಡುವೆ ಕೂರುವ ಹಾಳೆ) ಹೋಗಿರಬಹುದು. ಅದಕ್ಕೆ 'ಗ್ಯಾಸ್ಕೆಟ್' ಎಂದು ತಿದ್ದಲು ಬರಬೇಡಿ, ಇಲ್ಲಿ ಎಲ್ಲರೂ ಪ್ಯಾಕಿಂಗ್ ಅಂತಲೇ ಅನ್ನುವುದು. ಬರೀ ಪ್ಯಾಕಿಂಗ್ ಬದಲಿಸಿ ಕೈ ತೊಳೆಯುವುದೂ ತಪ್ಪು. ಅಲ್ಯೂಮಿನಿಯಂ ಹೆಡ್ ಬಿಸಿಗೆ ಬಾಗಿರುತ್ತದೆ. ನೇರಪಟ್ಟಿ ಇಟ್ಟು ಸಂದು ಅಳೆಯುವ ತೆಳು ಪಟ್ಟಿ, ಅಂದರೆ ಫೀಲರ್ ಗೇಜ್, ತೂರಿಸಿ ನೋಡಬೇಕು. ಮ್ಯಾನ್ಯುಯಲ್ ಹೇಳಿದ ಮಿತಿ ಮೀರಿದ್ದರೆ ಲೇತಿಗೆ ಕಳಿಸಿ ಫೇಸಿಂಗ್, ಅಂದರೆ ಮೈ ಸಮ, ಮಾಡಿಸಿದ ಮೇಲೆಯೇ ಹೊಸ ಪ್ಯಾಕಿಂಗ್.

ಶ್ರೀರಂಗಪಟ್ಟಣದಿಂದ:

ಇಂಥದ್ದು ಬೇಕು. ಹೀಟ್ ವಿಚಾರದಲ್ಲೂ ಗಿರಾಕಿಯ ಮಾತನ್ನು ಬಿಡಿಸಿ ಕೇಳಬೇಕು. 'ಹೀಟ್ ಆಗ್ತದೆ' ಎಂದಾಗ ಎಲ್ಲಿ ಆಗುತ್ತದೆ ಎಂದು ಕೇಳಿ. ಸಿಗ್ನಲ್ಲಿನಲ್ಲಿ, ಟೋಲ್ ಸಾಲಿನಲ್ಲಿ ಏರಿ, ಓಡಿದರೆ ಇಳಿದರೆ ಮೊದಲು ಫ್ಯಾನ್ ನೋಡಿ: ಫ್ಯೂಸ್, ರಿಲೇ, ಮೋಟರ್. ಬೆಂಗಳೂರು ಹೆದ್ದಾರಿಯಲ್ಲಿ ನೂರರ ವೇಗದಲ್ಲಿ ಏರಿದರೆ ಫ್ಯಾನಿನ ದೋಷವಲ್ಲ, ಆ ವೇಗಕ್ಕೆ ಗಾಳಿ ತಾನಾಗಿ ಬರುತ್ತದೆ. ರೇಡಿಯೇಟರ್ ಕಟ್ಟಿಕೊಂಡಿದೆ, ಇಲ್ಲವೇ ಬಿಸಿಗೆ ತಕ್ಕಂತೆ ಕೂಲೆಂಟಿಗೆ ದಾರಿ ಬಿಡುವ ಥರ್ಮೋಸ್ಟ್ಯಾಟ್ ಪೂರ್ತಿ ತೆರೆಯುತ್ತಿಲ್ಲ. ಥರ್ಮೋಸ್ಟ್ಯಾಟ್ ಕಿತ್ತೆಸೆದು ಓಡಿಸಿ ಎನ್ನುವವರ ಮಾತು ಕೇಳಬೇಡಿ. ಎಂಜಿನ್ ಬೇಕಾದ ಬಿಸಿಗೇ ಬರದೆ ಪೆಟ್ರೋಲ್ ಕುಡಿಯುತ್ತದೆ.

ಬೋರ್ ನೀರು ಯಾಕೆ ಬೇಡ ಎಂದು ಗಿರಾಕಿಗೆ ಹೇಳಲು ಹಂಡೆ ತೋರಿಸಿದರೆ ಸಾಕು. ಸ್ನಾನದ ಹಂಡೆಯ ತಳದಲ್ಲಿ ಕಟ್ಟುವ ಬಿಳಿ ಹೆಪ್ಪೇ ರೇಡಿಯೇಟರಿನ ಕಿರುಗೊಳವೆಗಳಲ್ಲೂ ಕಟ್ಟುತ್ತದೆ.

ಮಂಡ್ಯದಿಂದ:

ಎಲ್ಲರಿಗೂ ವಂದನೆ. ಕೂಲೆಂಟ್ ಅನ್ನೇ ಇಟ್ಟುಕೊಂಡೆ. ಪೇಂಟರಿಗೆ ಕೊಡುವುದು:

ಎಂಜಿನ್ ಆಫ್ ಮಾಡಿದ ತಕ್ಷಣ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ. ಪೂರ್ತಿ ತಣ್ಣಗಾಗಲಿ.
ನೀರು ಬೇಡ, ಕೂಲೆಂಟ್ ಹಾಕಿ.
ಮುಳ್ಳು ಮೇಲೇರಿದರೆ, ಕೆಂಪು ದೀಪ ಬಂದರೆ ಪಕ್ಕಕ್ಕೆ ಹಾಕಿ ಎಂಜಿನ್ ಆಫ್ ಮಾಡಿ. ಮೇಲೆ ತಣ್ಣೀರು ಸುರಿಯಬೇಡಿ.

ಮದ್ದೂರಿನಿಂದ:

ಎರಡನೇ ಸಾಲು ಅರ್ಧವಾಯಿತು. ಮಾರುಕಟ್ಟೆಯಲ್ಲಿ ಎರಡು ಬಗೆ ಸಿಗುತ್ತದೆ. ಕಾನ್ಸಂಟ್ರೇಟ್ ಆದರೆ ಬಾಟಲಿಯಲ್ಲಿ ಹೇಳಿದಷ್ಟು, ಹೆಚ್ಚಾಗಿ ಸಮಪಾಲು, ಡಿಸ್ಟಿಲ್ಡ್ ವಾಟರ್ ಬೆರೆಸಬೇಕು. ಬೆರೆಸದೆ ಸುರಿದರೆ ಕಾವು ಹೊರುವ ಶಕ್ತಿ ಕಡಿಮೆ, ಗಾಡಿ ಇನ್ನಷ್ಟು ಹೀಟ್ ಆಗುತ್ತದೆ. ರೆಡಿಮಿಕ್ಸ್ ಆದರೆ ಏನೂ ಬೆರೆಸಬಾರದು. 'ನೀರು ಬೇಡ' ಎಂದಷ್ಟೇ ಓದಿದವರು ಕಾನ್ಸಂಟ್ರೇಟನ್ನೇ ಸುರಿಯುತ್ತಾರೆ. 'ಬೋರ್ ನೀರು, ನಲ್ಲಿ ನೀರು ಬೇಡ' ಎಂದು ಬಿಡಿಸಿ ಬರೆಸಿ. ಬಣ್ಣ ನೋಡಿ ಹೊಂದಿಸಬೇಡಿ ಎಂಬುದೂ ಮುಖ್ಯ, ಒಂದೇ ಹಸಿರು ಬಣ್ಣದಲ್ಲಿ ಬೇರೆ ಬೇರೆ ಜಾತಿಯದು ಬರುತ್ತದೆ. ಮ್ಯಾನ್ಯುಯಲ್‌ನಲ್ಲಿ ಹೇಳಿದ್ದನ್ನೇ ಹಾಕಬೇಕು.

ಕುವೆಂಪುನಗರ, ಮೈಸೂರಿನಿಂದ:

ಕೂಲೆಂಟ್ ಎಂದು ಬರೆಸುವುದಕ್ಕೆ ನನ್ನ ವಿರೋಧ ಇದ್ದೇ ಇದೆ. ತಣುಕ ಬೇಡವಾದರೆ ತಂಪುಕವಾದರೂ ಆಗಬಹುದಿತ್ತು.

ಶ್ರೀರಂಗಪಟ್ಟಣದಿಂದ:

ತಂಪುಕ ಎಲ್ಲಕ್ಕಿಂತ ಅಪಾಯ. ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿ, ಬಣ್ಣವೂ ಚೆಂದ, ಕುಡಿದರೆ ಮೂತ್ರಪಿಂಡ ಕೆಟ್ಟು ಜೀವ ಹೋಗುತ್ತದೆ. ಮಿಕ್ಕಿದ್ದನ್ನು ತಂಪು ಪಾನೀಯದ ಬಾಟಲಿಗೆ ತುಂಬಿಡುವ ಅಭ್ಯಾಸ ಬೇರೆ. ಅದರ ಮೇಲೆ 'ತಂಪುಕ' ಎಂದು ಬರೆದಿದ್ದರೆ ಮಗು ಏನೆಂದು ಓದಬೇಕು? ಮಂಡ್ಯದವರೇ, ಫಲಕದ ಕೆಳಗೆ ಒಂದು ಸಾಲಿನ ಜಾಗವಿದ್ದರೆ ಕೆಂಪಿನಲ್ಲಿ ಬರೆಸಿ: 'ಕೂಲೆಂಟ್ ವಿಷ. ಬೇರೆ ಬಾಟಲಿಗೆ ತುಂಬಬೇಡಿ. ಚೆಲ್ಲಿದರೆ ಕೂಡಲೇ ತೊಳೆಯಿರಿ, ನಾಯಿ ನೆಕ್ಕುತ್ತದೆ.'