ಅಪ್ಪನನ್ನು ಯಾವ ಪಂದ್ಯಕ್ಕೆ ಕರೆದುಕೊಂಡು ಹೋಗಲಿ ಅಂತ ಕೇಳಿದವರಿಗೆ

ಮೈಸೂರು ಕುವೆಂಪುನಗರದ ಒಬ್ಬರು ಹೀಗೆ ಕೇಳಿದ್ದಾರೆ. ಅವರ ತಂದೆ ಮಂಡ್ಯದ ಕಡೆ ಮೇಷ್ಟ್ರು, ಬರುವ ಮಾರ್ಚ್‌ನಲ್ಲಿ ನಿವೃತ್ತರಾಗುತ್ತಾರೆ. ಅಕ್ಕ, ತಮ್ಮ ಸೇರಿ ಒಂದಷ್ಟು ದುಡ್ಡು ಕೂಡಿಟ್ಟಿದ್ದಾರೆ. ಜೀವಮಾನದಲ್ಲಿ ಒಂದು ಸಲವಾದರೂ ಅಪ್ಪ ಒಂದು ದೊಡ್ಡ ಆಟವನ್ನು ಅಲ್ಲೇ ಕೂತು ನೋಡಬೇಕು ಅನ್ನೋದು ಆಸೆ. ಲಂಡನ್ನಿನ ವಿಂಬಲ್ಡನ್ ಟೆನಿಸ್, ಮೆಲ್ಬರ್ನ್‌ನ ಬಾಕ್ಸಿಂಗ್ ಡೇ (ಅಂದರೆ ಕ್ರಿಸ್‌ಮಸ್ ಮರುದಿನದ) ಕ್ರಿಕೆಟ್ ಟೆಸ್ಟ್, 2028ರ ಒಲಿಂಪಿಕ್ಸ್, ಐಪಿಎಲ್ ಫೈನಲ್, ಈ ನಾಲ್ಕರಲ್ಲಿ ಯಾವುದು ಅಂತ ಪ್ರಶ್ನೆ. ಅಪ್ಪ ಟೆಸ್ಟ್ ಮ್ಯಾಚ್ ಐದೂ ದಿನ ಬಿಡದೆ ನೋಡುತ್ತಾರೆ, ಜುಲೈ ಬಂತೆಂದರೆ ಟೆನಿಸ್, ಮಂಡಿ ನೋವು ಸ್ವಲ್ಪ ಇದೆ ಅಂತಲೂ ಬರೆದಿದ್ದಾರೆ.

ನಾನು ನೋಡಿದ್ದು, ನಮ್ಮ ಮನೆಯವರು, ಪರಿಚಯದವರು ಹೋಗಿ ಬಂದು ಹೇಳಿದ್ದು ಎಲ್ಲವನ್ನೂ ಸೇರಿಸಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ.

ಮೊದಲು ಮನೆಯಲ್ಲಿ ಕೂತು ಒಂದು ಪ್ರಶ್ನೆ ಕೇಳಿಕೊಳ್ಳಿ. ನೀವು ಹೋದ ದಿನ ನಮ್ಮವರು ಕೆಟ್ಟದಾಗಿ ಸೋತರೂ ಅಪ್ಪನಿಗೆ ಹೋಗಿದ್ದು ಸಾರ್ಥಕ ಅನ್ನಿಸುತ್ತದಾ? ಹೌದು ಅನ್ನಿಸುವ ಆಟವನ್ನೇ ಆರಿಸಿ. ಇಲ್ಲ ಅನ್ನಿಸಿದರೆ ಆ ದುಡ್ಡಿಗೆ ಮನೆಯಲ್ಲೊಂದು ದೊಡ್ಡ ಟಿವಿ ತರುವುದೇ ವಾಸಿ.

ಯಾಕೆ ಹೇಳುತ್ತಿದ್ದೇನೆ ಅಂದರೆ, ನಮ್ಮ ದೊಡ್ಡಪ್ಪನ ಮಗ 2023ರ ನವೆಂಬರ್ 19ರಂದು ಅಹಮದಾಬಾದ್‌ನಲ್ಲಿ ವಿಶ್ವಕಪ್ ಫೈನಲ್ ನೋಡಿ ಬಂದ. 92 ಸಾವಿರಕ್ಕೂ ಜಾಸ್ತಿ ಜನ. ವಿಮಾನ, ಹೋಟೆಲ್ ಎರಡಕ್ಕೂ ಆ ವಾರ ಬಾಯಿಗೆ ಬಂದ ರೇಟು. ಭಾರತ 240ಕ್ಕೆ ಮುಗಿಯಿತು, ಟ್ರಾವಿಸ್ ಹೆಡ್ 137 ಹೊಡೆದರು. ಅಂಥ ಇನ್ನಿಂಗ್ಸ್ ಕಣ್ಣೆದುರಿಗೇ ನಡೆದಿದೆ, ಆದರೆ ನಮ್ಮಣ್ಣನಿಗೆ ಅದರಲ್ಲಿ ಒಂದು ಹೊಡೆತವೂ ನೆನಪಿಲ್ಲ. ಸುತ್ತ ಇದ್ದವರು ಒಬ್ಬೊಬ್ಬರಾಗಿ ಎದ್ದು ಹೋಗುತ್ತಿದ್ದರು, ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ, ಅಷ್ಟೇ ಅವನು ಹೇಳೋದು.

ಇನ್ನೊಂದು ಕಡೆ ನಮ್ಮ ಪಕ್ಕದ ಮನೆಯ ರಾಯರು. 2024ರ ಅಕ್ಟೋಬರ್‌ನಲ್ಲಿ ಚಿನ್ನಸ್ವಾಮಿಯಲ್ಲಿ ನ್ಯೂಜಿಲೆಂಡ್ ಟೆಸ್ಟ್. ಮೊದಲ ದಿನ ಪೂರ್ತಿ ಮಳೆ. ಇವರ ಟಿಕೆಟ್ ಇದ್ದದ್ದು ಎರಡನೇ ದಿನಕ್ಕೆ. ಅವತ್ತು ಭಾರತ 46ಕ್ಕೆ ಆಲೌಟ್, ಐದು ಜನ ಸೊನ್ನೆ. ಬೇಜಾರಾಗಿ ಬಂದಿರುತ್ತಾರೆ ಅಂದುಕೊಂಡರೆ ರಾತ್ರಿ ಗೇಟಿನ ಹತ್ತಿರವೇ ನಿಂತು ಮ್ಯಾಟ್ ಹೆನ್ರಿ ಹೇಗೆ ಚೆಂಡು ಹೊರಗೆ ತೆಗೆದ, ವಿಲಿಯಂ ಓರೂರ್ಕ್ ಆ ಎತ್ತರದಿಂದ ಹೇಗೆ ಎದೆಗೆ ಏಳಿಸಿದ, ಪ್ರತಿ ವಿಕೆಟ್ ಬಿದ್ದ ಮೇಲೆ ಕೀಪರ್ ಪಕ್ಕದ ಸ್ಲಿಪ್‌ನಲ್ಲಿ ಇನ್ನೊಬ್ಬ ಹೇಗೆ ಬಂದು ಸೇರಿಕೊಳ್ಳುತ್ತಿದ್ದ ಅಂತ ಕೈ ಆಡಿಸಿ ತೋರಿಸಿದರು. ಮೂರನೇ ದಿನ ರಚಿನ್ ರವೀಂದ್ರ ಶತಕ ಹೊಡೆದರಲ್ಲ, ಅವರ ಕುಟುಂಬದ ಮೂಲ ಬೆಂಗಳೂರೇ, ಅವತ್ತು ಅಲ್ಲಿರಲಿಲ್ಲ ಅನ್ನೋದೊಂದೇ ರಾಯರ ಕೊರಗು. ಸ್ಲಿಪ್‌ಗೆ ಜನ ಬಂದು ಸೇರುವುದು ಟಿವಿಯಲ್ಲಿ ಕಾಣುವುದೇ ಇಲ್ಲ. ಬೌಲರ್ ಓಡಿ ಬರುವಾಗ ಸುತ್ತಲಿನ ಫೀಲ್ಡರುಗಳು ಒಟ್ಟಿಗೆ ಹೆಜ್ಜೆ ಹಾಕುವುದು, ಕ್ಯಾಪ್ಟನ್ ಕಣ್ಸನ್ನೆಯಲ್ಲೇ ಒಬ್ಬನನ್ನು ಎರಡಡಿ ಸರಿಸುವುದು ಅಲ್ಲಿ ಕೂತವರಿಗೆ ಮಾತ್ರ ಸಿಗುತ್ತದೆ. ಐದೂ ದಿನ ಟೆಸ್ಟ್ ನೋಡುವ ನಿಮ್ಮ ತಂದೆಯವರೂ ಇದೇ ಜಾತಿಯವರು ಅಂತ ನನಗೆ ಅನ್ನಿಸುತ್ತದೆ.

ಆದ್ದರಿಂದ ಐಪಿಎಲ್ ಫೈನಲ್ ಬಿಟ್ಟುಬಿಡಿ. ಯಾವ ಎರಡು ತಂಡ ಅನ್ನೋದು ಒಂದೆರಡು ದಿನ ಮುಂಚೆ ತನಕ ಗೊತ್ತಾಗಲ್ಲ, ಗೊತ್ತಾದ ಮೇಲೆ ಟಿಕೆಟ್ ಸಿಗಲ್ಲ. ಜನಜಂಗುಳಿಯ ವಿಷಯವನ್ನೂ ಹಗುರವಾಗಿ ತೆಗೆದುಕೊಳ್ಳಬೇಡಿ. 2025ರ ಜೂನ್ 4ರಂದು ಆರ್‌ಸಿಬಿ ಗೆದ್ದ ಸಂಭ್ರಮಕ್ಕೆ ಅಂತ ಚಿನ್ನಸ್ವಾಮಿ ಹತ್ತಿರ ಹೋದವರಲ್ಲಿ 11 ಜನ ಕಾಲ್ತುಳಿತದಲ್ಲಿ ತೀರಿಕೊಂಡರು. ಮಂಡಿ ನೋವಿರುವವರನ್ನು ಕರೆದುಕೊಂಡು ನೂಕುನುಗ್ಗಲಿಗೆ ಹೋಗಲೇಬಾರದು. ಪಂದ್ಯ ಎಷ್ಟೇ ದೊಡ್ಡದಿರಲಿ.

ಒಲಿಂಪಿಕ್ಸ್ ವಿಷಯಕ್ಕೆ ಬಂದರೆ, 2028ರಲ್ಲಿ ಲಾಸ್ ಏಂಜಲೀಸ್, ಜುಲೈ 14ರಿಂದ 30. ಕ್ರಿಕೆಟ್ ಇದೆ, ಆದರೆ ಟಿ20. ಅದು ನಡೆಯುವುದು ಊರಿನಿಂದ ದೂರ ಪೊಮೋನದಲ್ಲಿ. ಒಂದೊಂದು ಆಟ ಒಂದೊಂದು ಮೂಲೆಯಲ್ಲಿ. ಓಡಾಡುವುದರಲ್ಲೇ ಅರ್ಧ ದಿನ ಹೋಗುತ್ತದೆ. ವಯಸ್ಸಿನ ಹುಡುಗರಿಗೆ ಸರಿ, ನಿಮ್ಮ ತಂದೆಯವರಿಗೆ ನಾನಾದರೆ ಹೇಳಲ್ಲ. ಹಾಗಂತ ಅಥ್ಲೆಟಿಕ್ಸ್ ಎದುರಿಗೆ ನೋಡುವ ಆಸೆಯಿದ್ದರೆ ಹತ್ತಿರದಲ್ಲೇ ಅವಕಾಶ ಬರುತ್ತದೆ, ಕಾದು ನೋಡಿ. 2025ರ ಜುಲೈ 5ರಂದು ಬೆಂಗಳೂರಿನ ಕಂಠೀರವದಲ್ಲಿ ನೀರಜ್ ಚೋಪ್ರಾ ಭರ್ಜಿಯನ್ನು 86.18 ಮೀಟರ್ ಎಸೆದು ಗೆದ್ದಾಗ ನನ್ನ ತಮ್ಮನ ಮಗಳು ಅಲ್ಲಿದ್ದಳು. ಟಿವಿಯಲ್ಲಿ ಕ್ಯಾಮೆರಾ ಭರ್ಜಿಯ ಹಿಂದೆಯೇ ಹೋಗುತ್ತದಲ್ಲ, ಅದಕ್ಕೇ ದೂರ ತಿಳಿಯಲ್ಲ. ಅಲ್ಲಿ ಕೂತರೆ ಕೈಯಿಂದ ಬಿಟ್ಟ ಜಾಗವೂ ಬಿದ್ದ ಜಾಗವೂ ಒಟ್ಟಿಗೆ ಕಾಣುತ್ತದೆ, "ಅತ್ತೆ, ಅದು ಇಳಿಯೋದೇ ಇಲ್ಲ ಅನ್ನಿಸ್ತು" ಅಂದಳು.

ಈಗ ಮೆಲ್ಬರ್ನ್. ಮನಸ್ಸಿಗೆ ಕೇಳಿದರೆ ನಿಮ್ಮ ತಂದೆಯವರಿಗೆ ಇದೇ ಸರಿ ಅಂತ ಹೇಳುತ್ತದೆ. ಡಿಸೆಂಬರ್ 26ಕ್ಕೆ ಶುರು. ಸುಮಾರು ಒಂದು ಲಕ್ಷ ಜನ ಹಿಡಿಸುವ ಸ್ಟೇಡಿಯಂ. 2018ರಲ್ಲಿ ನಮ್ಮ ಮಯಾಂಕ್ ಅಗರ್‌ವಾಲ್ ಮೊದಲ ಟೆಸ್ಟ್ ಆಡಿ 76 ಹೊಡೆದಿದ್ದು ಅಲ್ಲೇ. 2024ರಲ್ಲಿ ಐದು ದಿನಕ್ಕೆ ಒಟ್ಟು 3,73,691 ಜನ ಬಂದಿದ್ದರು. ಆ ಮೈದಾನದ ಟೆಸ್ಟ್ ದಾಖಲೆ ಅದು. ಐದನೇ ದಿನವೂ 70 ಸಾವಿರಕ್ಕೆ ಕಡಿಮೆ ಇರಲಿಲ್ಲ. ನನ್ನ ಸ್ನೇಹಿತೆಯ ಮಗ, ಸೊಸೆ ಅಲ್ಲೇ ಇರೋದು. ಮೂರನೇ ದಿನ ಹೋಗಿದ್ದರು. ನಿತೀಶ್ ರೆಡ್ಡಿ 99ರಲ್ಲಿದ್ದಾರೆ, ಬುಮ್ರಾ ಔಟಾದರು, ಕೊನೆಯವರಾಗಿ ಬಂದ ಸಿರಾಜ್ ಕಮಿನ್ಸ್ ಅವರ ಮೂರು ಚೆಂಡು ತಡೆಯಬೇಕು. ತಡೆದರು. ಮುಂದಿನ ಓವರ್‌ನಲ್ಲಿ ಶತಕ. ನಿತೀಶ್ ತಂದೆ ಅದೇ ಸ್ಟೇಡಿಯಂನಲ್ಲಿ ಕೂತು ಅಳುತ್ತಿದ್ದರು. ಸಿರಾಜ್ ತಡೆದ ಒಂದೊಂದು ಚೆಂಡಿಗೂ ಶತಕ ಹೊಡೆದಷ್ಟೇ ಗದ್ದಲ ಎದ್ದಿತಂತೆ. ಆ ಮ್ಯಾಚ್ ನಾವು ಸೋತೆವು, 184 ರನ್ನಿಂದ. ಸ್ನೇಹಿತೆಯ ಮನೆಯಲ್ಲಿ ಸೋಲಿನ ಮಾತೇ ಬರಲ್ಲ, ಸಿರಾಜ್ ತಡೆದಿದ್ದೇ ಮಾತು.

ತೊಂದರೆ ಏನಪ್ಪಾ ಅಂದರೆ ಭಾರತ ಪ್ರತಿ ವರ್ಷ ಅಲ್ಲಿ ಆಡಲ್ಲ. 2018, 2020, 2024, ಹೀಗೆ ಬಿಟ್ಟು ಬಿಟ್ಟು ಬರುತ್ತದೆ. ಬೇರೆ ತಂಡ ಆಡುವ ವರ್ಷವೂ ಹೋಗಬಹುದು, ಆದರೆ ಅಷ್ಟು ದೂರ ಹೋಗಿ ನಮ್ಮವರಿಲ್ಲದ ಟೆಸ್ಟ್ ನೋಡಲು ಅವರಿಗೆ ಮನಸ್ಸು ಬರುತ್ತದಾ, ನೀವೇ ಕೇಳಬೇಕು. ನಮ್ಮವರು ಹೋಗುವ ವರ್ಷದ ತನಕ ಕಾಯೋಣ ಅನ್ನಿಸಬಹುದು. ನನ್ನ ಮಾತು ಕೇಳಿ, ಕಾಯಬೇಡಿ. ನಮ್ಮ ಸೋದರಮಾವ ಲಂಡನ್ನಿನ ಲಾರ್ಡ್ಸ್ ಕ್ರಿಕೆಟ್ ಮೈದಾನ ನೋಡಬೇಕು ಅಂತ ಇಪ್ಪತ್ತು ವರ್ಷದಿಂದ ಹೇಳುತ್ತಿದ್ದರು. ಮಗಳ ಮದುವೆ ಆಗಲಿ, ಮನೆ ಸಾಲ ತೀರಲಿ ಅಂದುಕೊಂಡೇ ಇದ್ದರು. ಎರಡೂ ಆಯಿತು. ಈಗ ಅವರಿಗೆ ಚಾಮುಂಡಿ ಬೆಟ್ಟಕ್ಕೆ ಕಾರಿನಲ್ಲಿ ಹೋದರೂ ದೇವಸ್ಥಾನದ ಸಾಲಿನಲ್ಲಿ ನಿಲ್ಲಲು ಆಗಲ್ಲ.

ಹಾಗಾಗಿ ನನ್ನ ಉತ್ತರ ವಿಂಬಲ್ಡನ್. ಅದೂ ಮೊದಲ ವಾರ. ಪ್ರತಿ ವರ್ಷ ಇರುತ್ತದೆ, ಜೂನ್ ಕೊನೆ ಇಲ್ಲಾ ಜುಲೈ ಮೊದಲಿಗೆ ಶುರು. ಮಾರ್ಚ್‌ನಲ್ಲಿ ನಿವೃತ್ತಿ ಆದವರಿಗೆ ಸಿದ್ಧವಾಗಲು ಟೈಮೂ ಸರಿಹೋಗುತ್ತದೆ.

ನಾವು ನಮ್ಮ ಮಾವನವರನ್ನು ಕರೆದುಕೊಂಡು ಹೋಗಿದ್ದೆವು. ಅವರಿಗೂ ನಿಮ್ಮ ತಂದೆಯವರ ಹಾಗೆ ಮಂಡಿ. ಅಲ್ಲಿನ ಮುಖ್ಯ ಕೋರ್ಟಾದ ಸೆಂಟರ್ ಕೋರ್ಟಿನ ಟಿಕೆಟ್ ಇರಲಿಲ್ಲ, ಬರೀ ಗ್ರೌಂಡ್ ಪಾಸ್. ಅಂದರೆ ಒಳಗೆ ಹೋಗಿ ಚಿಕ್ಕ ಕೋರ್ಟುಗಳಲ್ಲಿ ಎಲ್ಲಿ ಬೇಕಾದರೂ ನೋಡಬಹುದು. ಒಟ್ಟು 18 ಕೋರ್ಟಿವೆ, ಮೊದಲ ವಾರ ಎಲ್ಲದರಲ್ಲೂ ಆಟ. ಬೆಳಿಗ್ಗೆ 11ಕ್ಕೆ ಶುರುವಾದರೆ ರಾತ್ರಿ ಒಂಬತ್ತರ ತನಕವೂ ಬೆಳಕಿರುತ್ತದೆ. ನಮ್ಮ ಮಾವ ಒಂದು ಚಿಕ್ಕ ಕೋರ್ಟಿನ ಪಕ್ಕ ಬೆಂಚಿನಲ್ಲಿ ಕೂತರು, ಗೆರೆಯಿಂದ ನಾಲ್ಕೈದು ಹೆಜ್ಜೆ ದೂರ ಅಷ್ಟೇ. ಟಿವಿಯಲ್ಲಿ ಮೇಲಿಂದ ನೋಡುವಾಗ ಚೆಂಡು ನಿಧಾನವಾಗಿ ಹೋದ ಹಾಗೆ ಕಾಣುತ್ತದೆ. ಅಲ್ಲಿ ಪಕ್ಕದಿಂದ ನೋಡಿದರೆ ಸರ್ವ್ ಕಣ್ಣಿಗೆ ಸಿಗುವುದೇ ಇಲ್ಲ, ಆ ಕಡೆ ರ್‍ಯಾಕೆಟ್‌ಗೆ ಬಿದ್ದ ಸದ್ದು ಕೇಳಿದ ಮೇಲೆ ತಿಳಿಯುತ್ತದೆ. ಹುಲ್ಲಿನ ಮೇಲೆ ಚೆಂಡು ಏಳಲ್ಲ, ಜಾರಿಕೊಂಡು ಹೋಗುತ್ತದೆ, ಆಟಗಾರ ಮಂಡಿ ನೆಲಕ್ಕೆ ತಾಗುವಷ್ಟು ಬಗ್ಗಿ ಎತ್ತಬೇಕು. ಕಾಲಿಟ್ಟಲ್ಲಿ ಕೀಚ್ ಅನ್ನುತ್ತದೆ. ಹೆಸರೇ ಕೇಳದ ಇಬ್ಬರು ಆಡುತ್ತಿದ್ದ ಆ ಮ್ಯಾಚನ್ನು ನಮ್ಮ ಮಾವ ಐದು ಸೆಟ್ಟೂ ಅಲುಗಾಡದೆ ನೋಡಿದರು. ಯಾರು ಗೆದ್ದರೂ ಅವರಿಗೆ ಒಂದೇ ಆಗಿತ್ತು. ನಾನು ಮೊದಲು ಕೇಳಿದೆನಲ್ಲ ಆ ಪ್ರಶ್ನೆ, ಅದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

ಟಿಕೆಟ್ ಬಗ್ಗೆ ಸರಿಯಾಗಿ ತಿಳಿದುಕೊಳ್ಳಿ. ಒಂದು ದಾರಿ ಲಾಟರಿ, ಬ್ಯಾಲಟ್ ಅಂತಾರೆ. ಹಿಂದಿನ ವರ್ಷವೇ ಹೆಸರು ಕೊಡಬೇಕು. ಹೆಸರು ಬಂದರೆ ಯಾವ ದಿನ, ಯಾವ ಕೋರ್ಟ್ ಅಂತ ಅವರೇ ಹೇಳುತ್ತಾರೆ, ನಾವು ಆರಿಸುವ ಹಾಗಿಲ್ಲ. ಸಿಕ್ಕರೆ ಅಪ್ಪನನ್ನು ಜೊತೆಗೆ ಕರೆದುಕೊಂಡು ಹೋಗಬಹುದು. ಇನ್ನೊಂದು ದಾರಿ ಅವತ್ತೇ ಹೋಗಿ ಸಾಲಿನಲ್ಲಿ ನಿಲ್ಲೋದು. ಅಷ್ಟು ದೊಡ್ಡ ಟೂರ್ನಿಯಲ್ಲಿ ಆ ದಿನವೇ ಟಿಕೆಟ್ ಕೊಡುವುದು ಬೇರೆ ಕಡೆ ಅಪರೂಪ. ಬೆಳಗಿನ ಜಾವ ಬರುವವರಿದ್ದಾರೆ, ಸೆಂಟರ್ ಕೋರ್ಟ್ ಬೇಕೆನ್ನುವವರು ಹಿಂದಿನ ರಾತ್ರಿಯೇ ಟೆಂಟ್ ಹಾಕುತ್ತಾರೆ. ಬಂದವರಿಗೆಲ್ಲ ನಂಬರ್ ಹಾಕಿದ ಚೀಟಿ ಕೊಡುತ್ತಾರೆ. ಒಬ್ಬರಿಗೆ ಒಂದೇ ಟಿಕೆಟ್, ಆದ್ದರಿಂದ ಅಪ್ಪನನ್ನು ರೂಮಿನಲ್ಲಿ ಮಲಗಿಸಿ ನೀವು ಹೋಗಿ ತರುತ್ತೀನಿ ಅಂದರೆ ನಡೆಯಲ್ಲ. ಅವರೂ ಇರಲೇಬೇಕು. ಆದರೆ ಸಾಲು ಹುಲ್ಲುಹಾಸಿನ ಮೇಲೆ, ಕೂರಬಹುದು. ಒಂದು ಮಡಚುವ ಸ್ಟೂಲ್, ಒಂದು ಜಮಖಾನ, ಒಂದು ಕೊಡೆ ಇಟ್ಟುಕೊಳ್ಳಿ. ಮನೆಯ ತಿಂಡಿಯನ್ನೂ ಒಳಗೆ ಬಿಡುತ್ತಾರೆ. ನಾವು ಪುಳಿಯೋಗರೆ ಡಬ್ಬಿ ತೆಗೆದುಕೊಂಡೇ ಹೋಗಿದ್ದೆವು, ಚಿನ್ನಸ್ವಾಮಿಯಲ್ಲಿ ನೀರಿನ ಬಾಟಲಿಯನ್ನೂ ಬಿಡದ ಅಭ್ಯಾಸದವರಿಗೆ ಇದು ದೊಡ್ಡ ನೆಮ್ಮದಿ. ಸಂಜೆಯಾಗುತ್ತಾ ದೊಡ್ಡ ಕೋರ್ಟಿನಿಂದ ಬೇಗ ಹೊರಟವರ ಸೀಟನ್ನು ಕಡಿಮೆ ದುಡ್ಡಿಗೆ ಮತ್ತೆ ಮಾರುತ್ತಾರೆ, ಆ ದುಡ್ಡು ದಾನಕ್ಕೆ ಹೋಗುತ್ತದೆ. ನಮ್ಮ ಮಾವ ಸೆಂಟರ್ ಕೋರ್ಟ್ ಒಳಗೆ ಹೋಗಿದ್ದು ಹಾಗೇ. 2009ರಿಂದ ಅದಕ್ಕೆ ಮುಚ್ಚುವ ಛಾವಣಿ ಇದೆ, ಮಳೆ ಬಂದರೂ ಆಟ ನಿಲ್ಲಲ್ಲ. ಚಿಕ್ಕ ಕೋರ್ಟುಗಳಿಗೆ ಆ ಸೌಕರ್ಯ ಇಲ್ಲ, ಅದಕ್ಕೆ ಲಂಡನ್ನಿನಲ್ಲಿ ನಾಲ್ಕೈದು ದಿನ ಇಟ್ಟುಕೊಂಡರೆ ಒಳ್ಳೆಯದು. ಉಳಿದ ದಿನ ಲಾರ್ಡ್ಸ್ ತೋರಿಸಿ, ಪಂದ್ಯ ಇಲ್ಲದ ದಿನಗಳಲ್ಲಿ ಒಳಗೆ ಸುತ್ತಾಡಿಸುತ್ತಾರೆ. ಟೆಸ್ಟ್ ನೋಡುವವರಿಗೆ ಆ ಇಳಿಜಾರು ಮೈದಾನ ಕಣ್ಣಾರೆ ಕಂಡರೆ ಸಾಕು.

ವಾಟ್ಸಾಪ್‌ನಲ್ಲಿ ಯಾರೋ ಟಿಕೆಟ್ ಇದೆ ಅಂದರೆ ಖಂಡಿತ ಕೊಳ್ಳಬೇಡಿ. ವಿಂಬಲ್ಡನ್ ಮಾಮೂಲಿ ಟಿಕೆಟ್ ಇನ್ನೊಬ್ಬರಿಗೆ ಮಾರುವ ಹಾಗಿಲ್ಲ, ಬಾಗಿಲಲ್ಲೇ ವಾಪಸ್ ಕಳಿಸಬಹುದು.

ಇನ್ನೊಂದು. ಅಷ್ಟು ದೂರ ಹೋಗುವ ಮುಂಚೆ ಈ ದಸರಾದಲ್ಲಿ ಅಪ್ಪನನ್ನು ಇಲ್ಲೇ ದೊಡ್ಡಕೆರೆ ಮೈದಾನದ ಕುಸ್ತಿಗೆ ಕರೆದುಕೊಂಡು ಹೋಗಿ, ದೇವರಾಜ ಅರಸು ಕ್ರೀಡಾಂಗಣ. ಎಷ್ಟು ಹೊತ್ತು ಮೆಟ್ಟಿಲಲ್ಲಿ ಕೂರುತ್ತಾರೆ, ಗದ್ದಲಕ್ಕೆ ತಲೆನೋವು ಬರುತ್ತದಾ, ಎಲ್ಲ ತಿಳಿಯುತ್ತದೆ. ಆದರೆ ಅದಕ್ಕಾಗಿ ಮಾತ್ರ ಹೇಳುತ್ತಿಲ್ಲ. ಮೈಸೂರಲ್ಲೇ ಇದ್ದು ಇದನ್ನು ನೋಡದವರು ಎಷ್ಟೋ ಜನ ಇದ್ದಾರೆ, ನನಗೆ ಅದು ಸಂಕಟ. ದಸರಾಗೆ ಮುಂಚೆ ಜೋಡಿ ಕಟ್ಟುತ್ತಾರೆ, ಅದನ್ನೂ ನೋಡಬಹುದು. ಬೇರೆ ಬೇರೆ ಗರಡಿಯ ಪೈಲ್ವಾನರನ್ನು ಎದುರುಬದುರು ನಿಲ್ಲಿಸಿ ಮೈಕಟ್ಟು, ತೂಕ, ಎತ್ತರ ಅಳೆದು ಯಾರಿಗೆ ಯಾರು ಅಂತ ಹಿರಿಯರು ತೀರ್ಮಾನ ಮಾಡುತ್ತಾರೆ. ಅಖಾಡಕ್ಕೆ ಇಳಿದವರು ತೊಡೆ ತಟ್ಟಿ, ಕೆಮ್ಮಣ್ಣು ತೆಗೆದು ಎದುರಾಳಿಯ ಭುಜಕ್ಕೆ ತಾವೇ ಬಳಿಯುತ್ತಾರೆ, ಬೆವರಿಗೆ ಹಿಡಿತ ಜಾರಬಾರದು ಅಂತ. ಮುಂದಿನ ಸಾಲಿನ ಹಳೆಯ ಪೈಲ್ವಾನರ ಪಕ್ಕ ಜಾಗ ಹಿಡಿಯಿರಿ, ಅವರು ಪಟ್ಟು ಬೀಳುವ ಮುಂಚೆಯೇ ಹೇಳುತ್ತಾರೆ. ವಿಜಯದಶಮಿ ಬೆಳಿಗ್ಗೆ ಅರಮನೆಯಲ್ಲಿ ವಜ್ರಮುಷ್ಟಿ ಕಾಳಗವೂ ಇದೆ, ಜಟ್ಟಿಗಳ ತಲೆಯಿಂದ ರಕ್ತ ಚಿಮ್ಮಿದ ಕೂಡಲೇ ಮುಗಿಯುತ್ತದೆ, ಆದರೆ ಒಳಗೆ ಪ್ರವೇಶ ಸಿಗುವುದು ಕಷ್ಟ. ಬರುವ ಚಳಿಗಾಲಕ್ಕೆ ಕರಾವಳಿಯ ಕಂಬಳ, ಆಗಸ್ಟ್‌ಗೆ ಕೇರಳದ ಆಲಪ್ಪುಳದ ದೋಣಿ ಓಟ, ಅವೂ ಮನಸ್ಸಿನಲ್ಲಿರಲಿ.

ಅಪ್ಪನ ಪಾಸ್‌ಪೋರ್ಟ್ ಇದೆಯಾ, ಅವಧಿ ಎಷ್ಟಿದೆ ಅಂತ ಇವತ್ತೇ ನೋಡಿ. ಬ್ರಿಟನ್ ವೀಸಾಗೆ ಹೊರಡುವ ಮೂರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು, ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋದರೆ ಸಾಕು. ನಿವೃತ್ತಿಯ ಹೊತ್ತಿಗೆ ಪಿಂಚಣಿ ಕಾಗದ ಇನ್ನೂ ಕೈಗೆ ಬಂದಿರಲ್ಲ, ಖರ್ಚು ನಿಮ್ಮದು ಅಂತ ನಿಮ್ಮ ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆ ಪತ್ರ ಬರೆದು ಕೊಡಿ. ಪ್ರಯಾಣ ವಿಮೆ ಮಾಡಿಸುವಾಗ ಮಂಡಿ ನೋವು, ಬಿಪಿ, ಶುಗರ್ ಯಾವುದಿದ್ದರೂ ಮುಚ್ಚಿಡಬೇಡಿ. ಮೈಸೂರಿಂದ ವಿಮಾನ ನಿಲ್ದಾಣಕ್ಕೆ ನೇರ ಫ್ಲೈಬಸ್ ಇದೆ, ಬೆಂಗಳೂರಿನಲ್ಲಿ ಇಳಿದು ಲಗೇಜ್ ಎಳೆಯುವ ಕಷ್ಟ ಇಲ್ಲ. ವಿಮಾನ ಟಿಕೆಟ್ ಮಾಡುವಾಗಲೇ ಅವರಿಗೆ ವೀಲ್‌ಚೇರ್ ಕೇಳಿ, ನಡೆಯಲು ಆಗುತ್ತದೆ ಅಂತ ಅವರು ಬೇಡ ಅಂದರೂ ಕೇಳಿ, ಲಂಡನ್ ಏರ್‌ಪೋರ್ಟಿನ ನಡಿಗೆ ತುಂಬಾ ಉದ್ದ.

ಹೋಗಿ ಬಂದ ಬೇರೆಯವರೂ ಬರೆಯಿರಿ. ಅದರಲ್ಲೂ ವಯಸ್ಸಾದವರನ್ನು ಲಾರ್ಡ್ಸ್‌ನಲ್ಲಿ ಟೆಸ್ಟ್‌ಗೆ ಕರೆದುಕೊಂಡು ಹೋದವರು ಯಾರಾದರೂ ಇದ್ದರೆ, ಯಾವ ಸ್ಟ್ಯಾಂಡ್‌ನಲ್ಲಿ ಮೆಟ್ಟಿಲು ಕಡಿಮೆ ಅಂತ ದಯವಿಟ್ಟು ಹೇಳಿ. ನಮ್ಮ ಸೋದರಮಾವನಿಗೂ ಬೇಕು.