ಪ್ರಶ್ನೋತ್ತರ: ಸಾಕಿದ ನಾಯಿ ಸತ್ತವರಿಗೆ ಏನು ಹೇಳೋದು?

ಈ ವಾರ ಗುಂಪಿನಲ್ಲಿ ಉತ್ತರ ಕೊಡುವವಳು ನಾನು, ಪಶುವೈದ್ಯೆ. ಹೆಬ್ಬಾಳದ ಕಾಲೇಜಿನಲ್ಲಿ ಓದಿದೆ. ಮೊದಲ ಹತ್ತು ವರ್ಷ ಮಂಡ್ಯ ಜಿಲ್ಲೆಯ ಹಳ್ಳಿಗಳಲ್ಲಿ 'ದನದ ಡಾಕ್ಟ್ರಮ್ಮ' ಆಗಿದ್ದೆ, ಈಗ ಮೈಸೂರಿನಲ್ಲಿ ಒಂದು ಸಣ್ಣ ಕ್ಲಿನಿಕ್ ಇದೆ. ಉಣ್ಣಿ, ಜಂತುಹುಳು, ಲಸಿಕೆ ಅಂತ ಕೇಳುತ್ತೀರಿ ಅಂದುಕೊಂಡಿದ್ದೆ. ಮೊದಲನೇ ಪ್ರಶ್ನೆಯೇ ಬೇರೆ ಬಂತು. ಆಮೇಲೆ ಎಲ್ಲರೂ ಅದರ ಹಿಂದೆಯೇ ಹೋದರು.

ಪ್ರಶ್ನೆ (ಬೆಂಗಳೂರಿನಿಂದ): ನಮಸ್ತೆ ಡಾಕ್ಟ್ರೇ. ನಮ್ಮ ಆಫೀಸಿನ ಅಕ್ಕ ಒಬ್ಬರ ಲ್ಯಾಬ್ರಡಾರ್ ಭಾನುವಾರ ತೀರಿಕೊಂಡಿತು. ಹನ್ನೊಂದು ವರ್ಷ, ಕಿಡ್ನಿ ಹೋಗಿತ್ತಂತೆ. ಸೋಮವಾರ ಅವರು ಕೆಲಸಕ್ಕೆ ಬಂದರು, ಮುಖ ನೋಡೋಕಾಗಲಿಲ್ಲ. ಆಫೀಸ್ ವಾಟ್ಸಾಪ್ ಗ್ರೂಪಿನಲ್ಲಿ ಯಾರೋ 'ಓಂ ಶಾಂತಿ' ಹಾಕಿದರು, ಇನ್ಯಾರೋ ಅದಕ್ಕೆ ನಗುವ ಇಮೋಜಿ ಒತ್ತಿದರು. ನಾನು ಏನೂ ಹಾಕಲಿಲ್ಲ. ನಮ್ಮ ಮನೆಯಲ್ಲಿ ಯಾವತ್ತೂ ನಾಯಿ ಸಾಕಿಲ್ಲ. ಏನು ಹೇಳಬೇಕು ಅಂತಲೇ ಗೊತ್ತಾಗುತ್ತಿಲ್ಲ.

ಉತ್ತರ: ಆ ನಾಯಿಯ ಹೆಸರು ಗೊತ್ತಾ? ಇಲ್ಲದಿದ್ದರೆ ಮೊದಲು ಅದನ್ನು ತಿಳಿದುಕೊಳ್ಳಿ. 'ನಿಮ್ಮ ನಾಯಿ ಹೋಯ್ತಂತೆ' ಅನ್ನುವುದಕ್ಕೂ ಹೆಸರು ಹಿಡಿದು ಕೇಳುವುದಕ್ಕೂ ತುಂಬಾ ವ್ಯತ್ಯಾಸ ಇದೆ. ಹನ್ನೊಂದು ವರ್ಷ ದಿನಕ್ಕೆ ಐವತ್ತು ಸಲ ಕೂಗಿದ ಹೆಸರು ಅದು. ಭಾನುವಾರದಿಂದ ಆ ಮನೆಯಲ್ಲಿ ಯಾರೂ ಕೂಗಿಲ್ಲ.

ಗ್ರೂಪಿನಲ್ಲಿ ಹಾಕಬೇಡಿ, ಅವರೊಬ್ಬರಿಗೇ ಕಳಿಸಿ. ಬ್ರೂನೋ ಅಂತ ಹೆಸರು ಇಟ್ಟುಕೊಳ್ಳಿ: 'ಅಕ್ಕಾ, ಬ್ರೂನೋ ವಿಷಯ ಗೊತ್ತಾಯ್ತು. ತುಂಬಾ ಬೇಜಾರಾಯ್ತು. ವೀಡಿಯೋ ಕಾಲ್ ಮಾಡುವಾಗ ನಿಮ್ಮ ಕುರ್ಚಿ ಹಿಂದೆ ಮಲಗಿರ್ತಿದ್ದ, ನೆನಪಿದೆ. ಇವತ್ತು ಊಟಕ್ಕೆ ಒಟ್ಟಿಗೆ ಹೋಗೋಣ. ಮಾತಾಡಬೇಕು ಅನ್ಸಿದ್ರೆ ಮಾತಾಡಿ, ಇಲ್ಲಾಂದ್ರೆ ಸುಮ್ನೆ ಊಟ ಮಾಡೋಣ.' ಇಷ್ಟು ಸಾಕು. ನೀವು ನಾಯಿ ಸಾಕದಿದ್ದರೆ ಏನೂ ತೊಂದರೆ ಇಲ್ಲ. 'ನಿಮ್ಮ ನೋವು ನನಗೂ ಅರ್ಥ ಆಗುತ್ತೆ' ಅಂತ ಮಾತ್ರ ಹೇಳಬೇಡಿ. 'ಅವನು ಹೇಗಿದ್ದ?' ಅಂತ ಕೇಳಿ.

'ವಯಸ್ಸಾಗಿತ್ತು ಬಿಡಿ', 'ನಾಯಿ ತಾನೆ' ಅನ್ನಬಾರದು ಅಂತ ನಿಮಗೇ ಗೊತ್ತಿರುತ್ತದೆ. ಇನ್ನೊಂದು ಮಾತಿದೆ, ಒಳ್ಳೇ ಮನಸ್ಸಿನಿಂದಲೇ ಹೇಳುತ್ತಾರೆ: 'ನಿಮ್ಮ ಮನೆಗೆ ಬರಬೇಕಿದ್ದ ಕಂಟಕ ಅದು ತಗೊಂಡು ಹೋಯ್ತು.' ಕೆಲವು ಅಜ್ಜಿಯರಿಗೆ ಇದರಿಂದ ಸಮಾಧಾನ ಸಿಕ್ಕಿದ್ದನ್ನು ನೋಡಿದ್ದೇನೆ. ಆದರೆ ಒಬ್ಬ ಹುಡುಗಿ ನನ್ನ ಕ್ಲಿನಿಕ್ಕಿನಲ್ಲಿ ಕೂತು, 'ಹಾಗಾದರೆ ಅದು ನನ್ನಿಂದ ಸತ್ತಿದ್ದಾ ಮೇಡಂ?' ಅಂತ ಕೇಳಿದ್ದಳು. ಅವರೇ ಹೇಳಿಕೊಂಡರೆ ಹೂಂ ಅನ್ನಿ. ನೀವಾಗಿ ಹೇಳಬೇಡಿ.

ಇನ್ನೊಂದು ವಿಷಯ. ಊಟದ ಹೊತ್ತಿಗೋ ವಾರ ಬಿಟ್ಟೋ ಆ ಅಕ್ಕ 'ನಾನು ಮುಂಚೇನೇ ತೋರಿಸಬೇಕಿತ್ತು' ಅಂತ ಖಂಡಿತ ಹೇಳುತ್ತಾರೆ. ಇಪ್ಪತ್ತು ವರ್ಷದಲ್ಲಿ ಈ ಮಾತು ಹೇಳದವರನ್ನು ನಾನು ಹೆಚ್ಚು ಕಂಡಿಲ್ಲ. ಆಗ 'ಛೇ, ನಿಮ್ಮ ತಪ್ಪಲ್ಲ' ಅಂತ ಅಲ್ಲಿಗೇ ಮುಗಿಸಬೇಡಿ. ಕಿಡ್ನಿ ಕಾಯಿಲೆ ಬಗ್ಗೆ ಇದನ್ನು ಹೇಳಿ. ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ) ಅಂತ ನೋಡುತ್ತೇವಲ್ಲ, ಅದು ಏರಿದ್ದು ಕಾಣುವ ಹೊತ್ತಿಗೆ ಕಿಡ್ನಿಯ ಮುಕ್ಕಾಲು ಭಾಗ ಶಕ್ತಿ ಆಗಲೇ ಹೋಗಿರುತ್ತದೆ. ಅಲ್ಲಿಯವರೆಗೆ ನಾಯಿ ಸ್ವಲ್ಪ ಜಾಸ್ತಿ ನೀರು ಕುಡಿಯುತ್ತದೆ, ಜಾಸ್ತಿ ಉಚ್ಚೆ ಹೊಯ್ಯುತ್ತದೆ, ಅಷ್ಟೇ. ಬೇಸಿಗೆಯಲ್ಲಿ ಯಾರು ಅದನ್ನು ಕಾಯಿಲೆ ಅಂದುಕೊಳ್ಳುತ್ತಾರೆ? ಜೊತೆಗೆ ನಾಯಿ ತನ್ನ ನೋವನ್ನು ಚೆನ್ನಾಗಿಯೇ ಮುಚ್ಚಿಡುತ್ತದೆ. ಪರೀಕ್ಷೆಗೇ ತಡವಾಗಿ ಸಿಗುವುದು ಬರಿಗಣ್ಣಿಗೆ ಕಾಣಲಿಲ್ಲ ಅಂತ ಆ ಅಕ್ಕ ತಮ್ಮನ್ನೇ ಬೈದುಕೊಳ್ಳುತ್ತಿದ್ದಾರೆ.

ಪ್ರಶ್ನೆ (ಹಾಸನದಿಂದ): ಮೇಡಂ, ನನ್ನ ತಮ್ಮನ ಮೂರು ತಿಂಗಳ ನಾಯಿಮರಿ ಪಾರ್ವೋ ಅನ್ನುವ ವಾಂತಿಭೇದಿ ರೋಗದಿಂದ ಹೋಯಿತು. ಎರಡು ದಿನದಿಂದ ಅವನು ಸರಿಯಾಗಿ ಊಟ ಮಾಡಿಲ್ಲ. ಅದೇ ಬಣ್ಣದ ಇನ್ನೊಂದು ಮರಿ ಸಿಕ್ಕಿದೆ. ಹೇಳದೆ ತಂದುಕೊಟ್ಟರೆ ಖುಷಿಪಡುತ್ತಾನಾ?

ಉತ್ತರ: ಬೇಡ. ದಯವಿಟ್ಟು ಬೇಡ. ಎರಡು ಕಾರಣ ಇದೆ. ಒಂದು ನಿಮಗೇ ಹೊಳೆದಿರಬಹುದು: ಅವನು ಹೊಸ ಮರಿಯನ್ನು ನೋಡಿದಾಗೆಲ್ಲ ಹಳೆಯದು ನೆನಪಾಗುತ್ತದೆ, ಪಾಪ, ಹೊಸದರ ಮೇಲೆ ಸಿಟ್ಟು ಬರುತ್ತದೆ.

ಎರಡನೇ ಕಾರಣ ಡಾಕ್ಟರಾಗಿ ಹೇಳುತ್ತಿದ್ದೇನೆ. ಪಾರ್ವೋ ವೈರಸ್ ನೆಲದಲ್ಲಿ, ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಬರೀ ಸೋಪು ನೀರನ್ನು, ಫಿನಾಯಿಲನ್ನು ನಂಬಿ ಕೂರಬೇಡಿ. ಒಂದು ಪಾಲು ಬ್ಲೀಚಿಗೆ ಮೂವತ್ತು ಪಾಲು ನೀರು ಹಾಕಿ, ಮೊದಲು ನೆಲ ತೊಳೆದು ಆಮೇಲೆ ಇದನ್ನು ಹತ್ತು ನಿಮಿಷ ಬಿಡಬೇಕು. ಮಣ್ಣಿನ ಅಂಗಳಕ್ಕೆ ಅದೂ ಸಾಲದು. ಆ ಮನೆಗೆ ಈಗ ಲಸಿಕೆ ಮುಗಿಯದ ಮರಿ ತಂದರೆ ಹತ್ತು ದಿನದೊಳಗೆ ಅದೂ ವಾಂತಿ, ರಕ್ತಭೇದಿ ಅಂತ ಮಲಗಬಹುದು. ಮುಂದೆ ಅವನಾಗಿಯೇ ಇನ್ನೊಂದು ಬೇಕು ಅಂದಾಗ, ಮರಿಗೆ ಆರರಿಂದ ಎಂಟು ವಾರಕ್ಕೆ ಶುರುವಾಗಿ ಹದಿನಾರು ವಾರ ತುಂಬುವವರೆಗಿನ ಎಲ್ಲ ಡೋಸ್ ಮುಗಿಸಿ ಆಮೇಲೆ ಮನೆಗೆ ಕರೆತನ್ನಿ. ಹೇಳದೆ ತರುವುದು ಮಾತ್ರ ಯಾವತ್ತೂ ಬೇಡ.

ಅದೇ ಸದಸ್ಯರು: ಅಯ್ಯೋ, 'ಇನ್ನೊಂದು ತಗೊಂಡರಾಯ್ತು ಬಿಡೋ' ಅಂತ ನಿನ್ನೆ ಹೇಳಿಯೂಬಿಟ್ಟೆ.

ಉತ್ತರ: 'ನಿನ್ನೆ ಹಾಗಂದಿದ್ದು ತಪ್ಪಾಯ್ತು ಕಣೋ' ಅನ್ನಿ. ಅಣ್ಣತಮ್ಮಂದಿರ ನಡುವೆ ಇದಕ್ಕಿಂತ ಉದ್ದ ಮಾತು ಬೇಕಿಲ್ಲ.

ಪ್ರಶ್ನೆ (ಹುಬ್ಬಳ್ಳಿಯಿಂದ): ಡಾಕ್ಟರ್ ರೀ, ನನ್ನ ಗೆಳತಿ ಕ್ಯಾನ್ಸರ್ ಆಗಿದ್ದ ನಾಯಿಗೆ ಇಂಜೆಕ್ಷನ್ ಕೊಡಿಸಿ ಕಳಿಸಿಕೊಟ್ಟಳು. ಈಗ 'ನಾನೇ ಕೊಂದೆ, ಅದು ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡ್ತಿತ್ತು' ಅಂತ ದಿನಾ ಅಳುತ್ತಾಳೆ. ಏನು ಹೇಳಲಿ?

ಉತ್ತರ: ಇದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ. ಈ ಕೆಲಸವನ್ನು ನನ್ನ ಕೈಯೇ ಮಾಡುತ್ತದೆ.

ಸಾಮಾನ್ಯವಾಗಿ ಮೊದಲು ಮಂಪರು ಬರುವ ಇಂಜೆಕ್ಷನ್ ಕೊಡುತ್ತೇವೆ. ನಾಯಿ ತೂಕಡಿಸುತ್ತದೆ, ಸುತ್ತ ಏನಾಗುತ್ತಿದೆ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಆಮೇಲೆ ರಕ್ತನಾಳಕ್ಕೆ ಅರಿವಳಿಕೆ ಮದ್ದನ್ನೇ ತುಂಬಾ ಜಾಸ್ತಿ ಪ್ರಮಾಣದಲ್ಲಿ ಕೊಡುತ್ತೇವೆ. ಆಪರೇಷನ್ನಿಗೆ ಮುಂಚೆ ಜ್ಞಾನ ಹೋಗುತ್ತದಲ್ಲ, ಹಾಗೆಯೇ ಮೊದಲು ಜ್ಞಾನ ಹೋಗುತ್ತದೆ. ಉಸಿರು, ಹೃದಯ ನಿಲ್ಲುವುದು ಅದಾದ ಮೇಲೆ. ನಾಯಿ ಸತ್ತಾಗ ಕಣ್ಣು ತಾನಾಗಿ ಮುಚ್ಚಿಕೊಳ್ಳುವುದಿಲ್ಲ. ಒಂದೆರಡು ಸಲ ಎದೆ ಏರಿಳಿಯಬಹುದು, ಕಾಲು ಅದುರಬಹುದು, ಉಚ್ಚೆ ಹೋಗಬಹುದು. ಇದೆಲ್ಲ ಜೀವ ಹೋದ ಮೇಲೆ ಮೈ ಮಾಡುವ ಕೆಲಸ, ನೋವಲ್ಲ. ನಾವು ಇದನ್ನು ಮೊದಲೇ ಹೇಳಬೇಕು. ಗಡಿಬಿಡಿಯಲ್ಲಿ ಎಷ್ಟೋ ಸಲ ಹೇಳುವುದಿಲ್ಲ, ನಾನೂ ಮರೆತಿದ್ದೇನೆ. ನಿಮ್ಮ ಗೆಳತಿ ಆ ತೆರೆದ ಕಣ್ಣನ್ನು ನೋಡಿ 'ಯಾಕೆ ಹೀಗೆ ಮಾಡಿದೆ ಅಂತ ಕೇಳುತ್ತಿದೆ' ಅಂದುಕೊಂಡಿದ್ದಾರೆ. ಆ ಹೊತ್ತಿಗೆ ಆ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಇದನ್ನು ಅವರಿಗೆ ನಿಧಾನವಾಗಿ ಹೇಳಿ. ಸಾಧ್ಯವಾದರೆ ಅವರ ಡಾಕ್ಟರ ಹತ್ತಿರ ಒಂದು ಸಲ ಕರೆದುಕೊಂಡು ಹೋಗಿ, ಅವರ ಬಾಯಿಂದಲೇ ಕೇಳಲಿ.

ನನ್ನ ಹತ್ತಿರ ಹಾಗೆ ಒಬ್ಬರು ಬಂದಿದ್ದರು, ನಿವೃತ್ತ ಮೇಷ್ಟ್ರು. ನಾಯಿ ಹೋಗಿ ಮೂರು ವಾರ ಆಗಿತ್ತು. ಕೈಯಲ್ಲಿ ಒಂದು ಬಟ್ಟೆ ಚೀಲ. ಒಳಗೆ ಮುಟ್ಟದ ಎರಡು ಡ್ರಿಪ್ ಬಾಟಲಿ, ಅರ್ಧ ಮುಗಿದ ಮಾತ್ರೆ ಶೀಟು, ಹೇರ್‌ಪಿನ್ ಹಾಕಿ ಸರಿಮಾಡಿದ್ದ ಹಳೇ ಕೊರಳಪಟ್ಟಿ. 'ಮದ್ದು ಯಾರಿಗಾದರೂ ಆಗುತ್ತೆ, ಇಟ್ಟುಕೊಳ್ಳಿ' ಅಂದರು. ಕೊರಳಪಟ್ಟಿಯನ್ನು ಮೇಜಿನ ಮೇಲೆ ಇಟ್ಟರು, ಮತ್ತೆ ಎತ್ತಿಕೊಂಡರು, ಮತ್ತೆ ಇಟ್ಟರು. ಕೊನೆಗೆ ಜೇಬಿಗೆ ಹಾಕಿಕೊಂಡು 'ಅವತ್ತು ಇನ್ನೊಂದು ದಿನ ಕಾಯಬಹುದಿತ್ತಾ ಅಮ್ಮಾ?' ಅಂತ ಕೇಳಿದರು. ಅವರು ಬಂದಿದ್ದು ಆ ಪ್ರಶ್ನೆಗೆ, ಮದ್ದು ಕೊಡುವುದಕ್ಕಲ್ಲ. ಕಾಯಬಹುದಿತ್ತು, ಆ ಒಂದು ದಿನವೂ ಅದು ಉಸಿರಿಗೆ ಒದ್ದಾಡುತ್ತಿತ್ತು ಅಂದೆ. ಸುಮಾರು ಹೊತ್ತು ಸುಮ್ಮನೆ ಕೂತಿದ್ದು ಎದ್ದು ಹೋದರು.

ಪ್ರಶ್ನೆ (ಶಿವಮೊಗ್ಗದಿಂದ): ಅಣ್ಣನ ಮಗಳಿಗೆ ಆರು ವರ್ಷ. ಬೆಕ್ಕು ಕಾರಿನಡಿ ಸಿಕ್ಕಿ ಸತ್ತಿತು. ಮನೆಯವರು 'ಅಜ್ಜಿ ಊರಿಗೆ ಹೋಗಿದೆ' ಅಂತ ಹೇಳಿದ್ದಾರೆ. ಅವಳು ದಿನಾ ಯಾವಾಗ ಬರುತ್ತೆ ಅತ್ತೇ ಅಂತ ನನಗೆ ಫೋನ್ ಮಾಡುತ್ತಾಳೆ.

ಉತ್ತರ: ಅಣ್ಣ ಅತ್ತಿಗೆ ಹತ್ತಿರ ಮಾತಾಡಿ, ನಿಜ ಹೇಳಿಸಿ. ಇಲ್ಲದಿದ್ದರೆ ರಜೆಗೆ ಅಜ್ಜಿ ಊರಿಗೆ ಹೋದಾಗ ಅವಳು ಮೊದಲು ಹುಡುಕುವುದು ಬೆಕ್ಕನ್ನೇ. 'ಸತ್ತುಹೋಯ್ತು ಪುಟ್ಟಾ, ಇನ್ನು ಉಸಿರಾಡಲ್ಲ, ಅದಕ್ಕೆ ಈಗ ನೋವಿಲ್ಲ, ವಾಪಸ್ ಬರಲ್ಲ' ಅಂತ ಚಿಕ್ಕ ಮಾತಿನಲ್ಲಿ ಹೇಳಿದರೆ ಸಾಕು. 'ನಿದ್ದೆ ಮಾಡ್ತಿದೆ' ಅನ್ನಬೇಡಿ, ಕೆಲವು ಮಕ್ಕಳು ಮಲಗುವುದಕ್ಕೇ ಹೆದರುತ್ತಾರೆ. ಹೂಳಿದ ಜಾಗ ತೋರಿಸಿ. ಹೂವು ಇಡಬೇಕು ಅಂದರೆ ಇಡಲಿ, ಮೀನು ಇಡಬೇಕು ಅಂದರೆ ಅದನ್ನೂ ಇಡಲಿ.

ಪ್ರಶ್ನೆ (ಮಂಡ್ಯದಿಂದ): ನಮ್ಮ ಚಿಕ್ಕಪ್ಪನ ಜೋಡಿ ಎತ್ತಿನಲ್ಲಿ ಒಂದು ಹೊಟ್ಟೆಯುಬ್ಬರ ಆಗಿ ರಾತ್ರೋರಾತ್ರಿ ಹೋಯಿತು. ಎಲ್ಲರೂ ನಾಯಿ ಬೆಕ್ಕು ಅಂತಿದ್ದೀರಿ, ಎತ್ತಿಗೂ ಇದೇ ಮಾತಾ?

ಉತ್ತರ: ಎತ್ತಿಗೆ ಇನ್ನೂ ಜಾಸ್ತಿ. ಆದರೆ ಬರುವವರೆಲ್ಲ ಕೇಳುವುದು 'ಎಷ್ಟು ಬೆಲೆ ಬಾಳ್ತಿತ್ತು?', 'ಪರಿಹಾರ ಬರುತ್ತಾ?' ಅಂತ. ದುಡ್ಡಿನ ವಿಷಯ ಬೇಕು ನಿಜ, ಮೊದಲ ದಿನ ಬೇಡ. ನೀವು ಹೋದಾಗ 'ಇನ್ನೊಂದು ಮೇವು ತಿಂತಾ ಇದೆಯಾ ಚಿಕ್ಕಪ್ಪಾ?' ಅಂತ ಕೇಳಿ. ಒಂದೇ ನೊಗಕ್ಕೆ ವರ್ಷಗಟ್ಟಲೆ ಹೆಗಲು ಕೊಟ್ಟ ಜೋಡಿ ಹೋದಾಗ ಉಳಿದದ್ದು ಖಾಲಿ ಗೂಟದ ಕಡೆ ನೋಡಿ ಕೂಗುವುದನ್ನು, ಮೇವು ಬಿಡುವುದನ್ನು ನಾನು ಕಂಡಿದ್ದೇನೆ. ನಿಮ್ಮ ಚಿಕ್ಕಪ್ಪ ಈಗ ಕೊಟ್ಟಿಗೆಯಲ್ಲೇ ಇರುತ್ತಾರೆ ನೋಡಿ. ಎರಡು ದಿನ ಮೇವು ಮುಟ್ಟದಿದ್ದರೆ 1962ಕ್ಕೆ ಫೋನ್ ಮಾಡಿ, ಪಶು ಸಂಜೀವಿನಿ ಗಾಡಿ (ದನಗಳ ಆಂಬುಲೆನ್ಸ್) ಬರುತ್ತದೆ.

ಹೂಳುವ ಕೆಲಸ ಬಾಕಿ ಇದ್ದರೆ ಹಾರೆ ಗುದ್ದಲಿ ಹಿಡಿದುಕೊಂಡೇ ಹೋಗಿ, ಇಲ್ಲ ಜೆಸಿಬಿಯವರಿಗೆ ನೀವೇ ಹೇಳಿ. ಬಾವಿ, ಕೆರೆಯಿಂದ ದೂರ ಇರಲಿ. ನಾಯಿ, ಬೆಕ್ಕಿಗಾದರೆ ಮೂರು ನಾಲ್ಕು ಅಡಿ ಸಾಕು, ಎತ್ತಿಗೆ ಅದರ ಎರಡರಷ್ಟಾದರೂ ಬೇಕು. ಸುಣ್ಣ ಹಾಕಿ, ಪ್ಲಾಸ್ಟಿಕ್ ಸುತ್ತಬೇಡಿ, ಮೇಲೆ ಕಲ್ಲು ಹೇರಿ. ಬೆಂಗಳೂರಿನ ಫ್ಲ್ಯಾಟಿನಲ್ಲಿ ಇರುವವರಿಗೆ ಜಾಗದ್ದೇ ಸಮಸ್ಯೆ. ಕೆಂಗೇರಿಯ ಪೀಪಲ್ ಫಾರ್ ಅನಿಮಲ್ಸ್ ಅನ್ನುವ ಪ್ರಾಣಿರಕ್ಷಣೆ ಸಂಸ್ಥೆಯ ಆವರಣದಲ್ಲಿ ಸಾಕುಪ್ರಾಣಿಗಳಿಗೆ ಸ್ಮಶಾನ ಇದೆ. ಸತ್ತ ನಾಯಿಯನ್ನು ಮಡಿಲಲ್ಲಿ ಇಟ್ಟುಕೊಂಡವರು ಫೋನ್ ಹಿಡಿದು ವಿಚಾರಿಸುವ ಸ್ಥಿತಿಯಲ್ಲಿ ಇರುವುದಿಲ್ಲ. ಆ ಫೋನ್ ನೀವು ಮಾಡಿ.

ಪ್ರಶ್ನೆ (ಊರು ಬರೆದಿಲ್ಲ): ಮನುಷ್ಯರು ಸತ್ತರೇ ಆಫೀಸಿನಲ್ಲಿ ರಜೆ ಕೊಡಲ್ಲ. ನಾಯಿಗೆ ಇಷ್ಟೆಲ್ಲ ಬೇಕಾ? ಇದೆಲ್ಲ ಈಗಿನ ಫ್ಯಾಷನ್ ಅಲ್ವಾ?

ಉತ್ತರ: ಈಗಿನದ್ದಲ್ಲ ಸ್ವಾಮಿ. ನಾನು ಮದ್ದೂರು ತಾಲೂಕಿನಲ್ಲಿ ಕೆಲಸ ಮಾಡುವಾಗ ಆತಕೂರು ಅಂತ ಊರಿತ್ತು. ಅಲ್ಲೊಂದು ಶಾಸನ ಸಿಕ್ಕಿದೆ, ಸುಮಾರು ಕ್ರಿ.ಶ. 949-50ರದ್ದು. ತಕ್ಕೋಲದಲ್ಲಿ ಚೋಳರ ಮೇಲೆ ಯುದ್ಧ ಗೆದ್ದ ಮೇಲೆ ರಾಷ್ಟ್ರಕೂಟ ದೊರೆ ಮೂರನೇ ಕೃಷ್ಣ, ಗಂಗರ ದೊರೆ ಬೂತುಗನ ಬಂಟ ಮಣಲೇರನಿಗೆ ಏನು ಬೇಕೋ ಕೇಳು ಅಂದ. ಅವನು ಊರು, ಚಿನ್ನ ಕೇಳಲಿಲ್ಲ. 'ಕಾಳಿ' ಅನ್ನುವ ಬೇಟೆನಾಯಿ ಕೇಳಿದ. ಆಮೇಲೆ ಆ ಕಾಳಿ ದೊಡ್ಡದೊಂದು ಹಂದಿಯ ಮೇಲೆ ಬಿದ್ದು, ಎರಡೂ ಒಟ್ಟಿಗೆ ಸತ್ತವು. ಅದಕ್ಕೆ ಕಲ್ಲು ನಿಲ್ಲಿಸಿದರು, ಭೂಮಿ ಬಿಟ್ಟರು. ಆ ಸ್ಥಾನ ನೋಡಿಕೊಳ್ಳುವ ಗೊರವ (ಶೈವ ಪೂಜಾರಿ) ಕಲ್ಲಿಗೆ ಪೂಜೆ ಮಾಡದೆ ಉಣ್ಣಬಾರದು ಅಂತಲೂ ಬರೆಸಿದ್ದಾರೆ. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ. ನಾಯಿ ಹಂದಿ ಕಾದಾಡುವುದನ್ನು ಅದರಲ್ಲೇ ಕೆತ್ತಿದ್ದಾರೆ. ಕಸ್ತೂರಬಾ ರಸ್ತೆ ಕಡೆ ಹೋದಾಗ ನೋಡಿ ಬನ್ನಿ.

ರಜೆ ಮಾತಿಗೆ ಬಂದರೆ, ಮನುಷ್ಯರಿಗೂ ಕೊಡಬೇಕು. ಅದರಲ್ಲಿ ನಿಮ್ಮದು ನನ್ನದು ಒಂದೇ ಮಾತು.

ಮೊದಲ ಸದಸ್ಯರು, ಎರಡು ದಿನದ ನಂತರ: ಡಾಕ್ಟ್ರೇ, ಊಟಕ್ಕೆ ಹೋದೆವು. ಹೆಸರು ಬ್ರೂನೋ ಅಲ್ಲ, ಪುಟ್ಟಸ್ವಾಮಿ! ದೀಪಾವಳಿಗೆ ತಂದಿದ್ದ ಮೈಸೂರು ಪಾಕ್ ಡಬ್ಬವನ್ನು ಮಂಚದಡಿ ಎಳೆದುಕೊಂಡು ಹೋಗಿದ್ದ ಕಥೆ ಹೇಳಿ ನಕ್ಕರು, ಹಾಗೇ ಅತ್ತರು. ನೀವು ಹೇಳಿದಂತೆ 'ಮುಂಚೇನೇ ತೋರಿಸಬೇಕಿತ್ತು' ಅಂತಲೂ ಅಂದರು. ಕ್ರಿಯಾಟಿನಿನ್ ವಿಷಯ ಹೇಳಿದೆ, ಎರಡು ಸಲ ಕೇಳಿ ಬರೆದುಕೊಂಡರು. ಮನೆಯಲ್ಲಿ ಅರ್ಧ ಚೀಲ ಅವನ ಡಯಟ್ ಫುಡ್ ಉಳಿದಿದೆಯಂತೆ. ಬೀದಿ ನಾಯಿಗಳಿಗೆ ಹಾಕಬಹುದಾ?

ಉತ್ತರ: ಕಿಡ್ನಿ ಕಾಯಿಲೆಗೆ ಕೊಡುವ ಆಹಾರವಾದರೆ ಮರಿಗಳಿಗೆ, ಹಾಲೂಡಿಸುವ ನಾಯಿಗಳಿಗೆ ಹಾಕಬೇಡಿ. ಅದರಲ್ಲಿ ಪ್ರೋಟೀನ್ ಕಡಿಮೆ ಇರುತ್ತದೆ. ಅವರ ಡಾಕ್ಟರ ಕ್ಲಿನಿಕ್ಕಿಗೆ ಕೊಟ್ಟರೆ ಅದೇ ಕಾಯಿಲೆ ಇರುವ ಇನ್ನೊಂದು ನಾಯಿಗೆ ಆಗುತ್ತದೆ, ಚೀಲದ ಮೇಲಿನ ತಾರೀಖು ನೋಡಿಕೊಳ್ಳಿ. ಅವಸರ ಏನಿಲ್ಲ, ಅವರಾಗಿಯೇ ಎತ್ತಿಕೊಡುವ ತನಕ ಚೀಲ ಅಲ್ಲೇ ಇರಲಿ.

ಅದಿರಲಿ, ಪುಟ್ಟಸ್ವಾಮಿ ಅಂತ ಯಾಕೆ ಹೆಸರಿಟ್ಟರಂತೆ?