ಲೊಕೇಶನ್ ನಿಯಮಗಳಲ್ಲಿ ಯಾವುದು ಗೆಲ್ಲುತ್ತದೆ?

ಓರೆಗೆರೆ: ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್‌ನಲ್ಲಿ ಯಾವ ದಾರಿಯ ವಿನಂತಿಗೆ ಏನು ಮಾಡಬೇಕೆಂದು ಹೇಳುವುದು ‘ಲೊಕೇಶನ್’ ನಿಯಮ. ಅದರಿಂದ ‘/ಕಡತ/’ ಎಂದು ಆರಂಭವಾಗುವ ವಿನಂತಿಗಳನ್ನೆಲ್ಲ ಬೇರೊಂದು ಸರ್ವರ್‌ಗೆ ಪ್ರಾಕ್ಸಿ ಮಾಡಿದ್ದೇನೆ, ಅಂದರೆ ದಾಟಿಸಿದ್ದೇನೆ. ಆದರೆ ‘/ಕಡತ/ನಕ್ಷೆ.ಪಿಎನ್‌ಜಿ’ ಕೇಳಿದಾಗ ಮಾತ್ರ 404 (‘ಸಿಗಲಿಲ್ಲ’ ಎಂಬ ದೋಷ) ಬರುತ್ತದೆ. ಚಿತ್ರಗಳನ್ನು ಡಿಸ್ಕ್‌ನಿಂದಲೇ ಕೊಡುವ ರೆಜೆಕ್ಸ್ (ಅಕ್ಷರಗಳ ಮಾದರಿಗೆ ಹೊಂದಿಸಿ ನೋಡುವ) ನಿಯಮ ಸಂರಚನೆಯ ಫೈಲಿನ ಕೊನೆಯಲ್ಲಿದೆ. ಅದು ಮೇಲಿನದನ್ನು ಹೇಗೆ ಮೀರುತ್ತದೆ?

ಹಳೆಯ ನಿರ್ವಾಹಕ: ಬರೆದ ಕ್ರಮ ರೆಜೆಕ್ಸ್‌ಗಳ ನಡುವೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ಇಡೀ ದಾರಿ ಹಾಗೆಯೇ ಇರಬೇಕೆನ್ನುವ ‘=’ ನಿಯಮ ಹೊಂದಿದರೆ ಹುಡುಕಾಟ ಅಲ್ಲಿಗೇ ಮುಗಿಯುತ್ತದೆ; ಇಲ್ಲವಾದರೆ ಹೊಂದುವ ಅತಿ ಉದ್ದದ ಪೂರ್ವಭಾಗವನ್ನು (‘/ಕಡತ/’ನಂತೆ ದಾರಿಯ ಆರಂಭವನ್ನಷ್ಟೇ ಹೇಳುವ ನಿಯಮವನ್ನು) ನೆನಪಿಟ್ಟುಕೊಂಡು, ಬಳಿಕ ರೆಜೆಕ್ಸ್‌ಗಳನ್ನು ಒಂದೊಂದಾಗಿ ನೋಡಿ, ಮೊದಲು ಹೊಂದಿದ್ದನ್ನೇ ಆರಿಸಲಾಗುತ್ತದೆ. ಒಂದೂ ಹೊಂದದಿದ್ದರಷ್ಟೇ ನೆನಪಿಟ್ಟದ್ದಕ್ಕೆ ಸರದಿ. ‘/ಕಡತ/’ ಮುಂದೆ ‘^~’ ಹಾಕಿ, ರೆಜೆಕ್ಸ್ ಹಂತವೇ ತಪ್ಪುತ್ತದೆ.

ಮರುಪರಿಶೀಲಕ: ಆ ಗುರುತನ್ನು ಅಷ್ಟು ನಂಬಬೇಡಿ. ಅತಿ ಉದ್ದದ ಪೂರ್ವಭಾಗದ ಮೇಲೆ ಅದು ಇದ್ದರೆ ಮಾತ್ರ ಫಲ. ಮುಂದೆ ಯಾರಾದರೂ ‘/ಕಡತ/ಹಳೆಯದು/’ ಎಂಬ ಸಾದಾ ನಿಯಮ ಸೇರಿಸಿದರೆ, ಆ ದಾರಿಯ ಚಿತ್ರಗಳು ಮತ್ತೆ ರೆಜೆಕ್ಸ್ ಪಾಲಾಗುತ್ತವೆ. ಯಾವ ನಿಯಮ ಗೆಲ್ಲುತ್ತದೆ ಎಂಬುದನ್ನು ಸಂರಚನೆಯ ಪರೀಕ್ಷೆ ನೋಡದಿರುವುದರಿಂದ ಅದೂ ಎಚ್ಚರಿಸುವುದಿಲ್ಲ. ರೆಜೆಕ್ಸ್ ನಿಯಮವನ್ನೇ ‘/’ ಲೊಕೇಶನ್‌ನ ಒಳಗೆ ಇರಿಸಿದರೆ, ಬೇರೆ ಯಾವ ಪೂರ್ವಭಾಗವೂ ಹೊಂದದ ವಿನಂತಿಗಳಿಗಷ್ಟೇ ಅದು ಸೀಮಿತವಾಗುತ್ತದೆ.

ಅಪಾಚೆ ಬಳಕೆದಾರ: ಇಷ್ಟೆಲ್ಲ ಕಸರತ್ತು ಏಕೆ? ಇನ್ನೊಂದು ವೆಬ್ ಸರ್ವರ್ ಆದ ಅಪಾಚೆಯಲ್ಲಿ, ವಿನಂತಿಗಳನ್ನು ದಾಟಿಸುವ ಪ್ರಾಕ್ಸಿಪಾಸ್ ನಿಯಮಗಳಲ್ಲಿ ಬರೆದ ಕ್ರಮದಲ್ಲಿ ಮೊದಲು ಹೊಂದಿದ್ದೇ ಗೆಲ್ಲುತ್ತದೆ. ಓದಿದರೆ ಸಾಕು, ತಿಳಿಯುತ್ತದೆ.

ಮರುಪರಿಶೀಲಕ: ಒಂದೇ ಫೈಲಿದ್ದರೆ ನಿಮ್ಮ ಮಾತು ಸರಿ. ಆದರೆ ಅಲ್ಲಿ ‘ಇದನ್ನು ದಾಟಿಸಬೇಡ’ ಎಂದು ‘!’ ಹಾಕಿದ ವಿನಾಯಿತಿಯನ್ನು ಸಾಮಾನ್ಯ ನಿಯಮದ ಕೆಳಗೆ ಬರೆದರೆ ಅದು ಎಂದೂ ಕೆಲಸ ಮಾಡದು. ಹಲವು ಫೈಲುಗಳನ್ನು ಸೇರಿಸಿಕೊಳ್ಳುವ ಕಡೆ ಯಾವುದು ಮೇಲೆ ಬಂತು ಎಂದು ಹುಡುಕುತ್ತ ಕೂರುವುದಕ್ಕಿಂತ, ಎಂಜಿನ್‌ಎಕ್ಸ್‌ನ ಪೂರ್ವಭಾಗಗಳು ಕ್ರಮವನ್ನೇ ಅವಲಂಬಿಸದಿರುವುದು ನನಗೆ ಮೇಲೆನಿಸುತ್ತದೆ.

ಓರೆಗೆರೆ: ಇದಕ್ಕೂ ಮೊದಲು ‘/ಕಡತ/’ ಅನ್ನೇ ರೆಜೆಕ್ಸ್ ಮಾಡಲು ಹೋಗಿದ್ದೆ. ಆಗ ಸರ್ವರ್ ಆರಂಭವಾಗಲೇ ಇಲ್ಲ.

ಹಳೆಯ ನಿರ್ವಾಹಕ: ಪ್ರಾಕ್ಸಿ ವಿಳಾಸದ ಕೊನೆಯಲ್ಲಿ ‘/’ ಇದ್ದಿರಬೇಕು. ಸಾದಾ ಪೂರ್ವಭಾಗದಲ್ಲಿ ಆ ಗೆರೆ ‘/ಕಡತ/’ ಭಾಗವನ್ನು ತೆಗೆದು ಉಳಿದದ್ದನ್ನು ಮುಂದೆ ಕಳಿಸುತ್ತದೆ. ರೆಜೆಕ್ಸ್‌ನಲ್ಲಿ ಎಷ್ಟನ್ನು ತೆಗೆಯಬೇಕೆಂದು ಗೊತ್ತಾಗದ ಕಾರಣ ಎಂಜಿನ್‌ಎಕ್ಸ್ ಅದನ್ನು ಒಪ್ಪುವುದಿಲ್ಲ.

ಓರೆಗೆರೆ: ಹೌದು, ಇತ್ತು. ರೆಜೆಕ್ಸ್ ಅನ್ನು ‘/’ ಒಳಗೆ ಸರಿಸಿದೆ, ನಕ್ಷೆ ಬರುತ್ತಿದೆ. ‘^~’ ಹಾಕಲಿಲ್ಲ.